ಮೂವತ್ತೊಂದು ಗಂಟೆಯ ನೀಹಾರಿಕೆ

ಇನ್ನು ಮೂರು ತಿಂಗಳೊಳಗೆ ಕ್ಲಬ್ಬಿನ ಗೋಡೆಯ ಮೇಲೆ ತನ್ನ ಚಿತ್ರ ಏರದಿದ್ದರೆ ದೂರದರ್ಶಕವನ್ನು ಗುಜರಿಗೆ ಹಾಕಿಬಿಡುವುದಾಗಿ ಕನ್ನಡಕದಂಗಡಿಯ ಯಜಮಾನರು ಹೆಂಡತಿಯೆದುರು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಗುಜರಿಯವನು ಬರುವುದು ಮಂಗಳವಾರ ಎಂದು ಹೆಂಡತಿ ಪೇಪರಿನಿಂದ ತಲೆಯೆತ್ತದೆ ತಿಳಿಸಿದರು.

ಕ್ಲಬ್ಬೆಂದರೆ ಇಸ್ಪೀಟಿನ ಕ್ಲಬ್ಬಲ್ಲ, ಆಕಾಶದ ಚಿತ್ರ ತೆಗೆಯುವವರ ಕ್ಲಬ್ಬು. ಅದರ ಸಭಾಂಗಣದ ಗೋಡೆಯಲ್ಲಿ, ಸದಸ್ಯರಲ್ಲಿ ಹೆಚ್ಚಿನವರು ಕೈಯೆತ್ತಿ ಒಪ್ಪಿದ ಚಿತ್ರಕ್ಕೆ ಮಾತ್ರ ಮೊಳೆ. ಮೊನ್ನೆ ಮೊನ್ನೆ ಸೇರಿದವರಿಗೂ ಒಂದೊಂದು ಮೊಳೆ ಸಿಕ್ಕಿತ್ತು. ನಮ್ಮ ಯಜಮಾನರಿಗೆ ಎಂಟು ವರ್ಷದಲ್ಲಿ ಸಿಕ್ಕಿದ್ದು "ಪ್ರಯತ್ನ ಪರವಾಗಿಲ್ಲ" ಎಂಬ ಒಂದೇ ಮಾತು. ಅದನ್ನು ಕೇಳಿದ ದಿನವೆಲ್ಲ ಅವರಿಗೆ ಊಟ ಸೇರುತ್ತಿರಲಿಲ್ಲ, ಪಾಪ.

ಅವರ ಬೇಟೆಯೂ ಸಾಮಾನ್ಯದ್ದಲ್ಲ. ನೀಹಾರಿಕೆಗಳೇ ಬೇಕು, ಅದರಲ್ಲೂ ಬರಿಗಣ್ಣಿಗಿರಲಿ, ದೊಡ್ಡ ದೂರದರ್ಶಕಕ್ಕೂ ಸುಲಭಕ್ಕೆ ಕಾಣದ ಮಸುಕು ಅನಿಲದ ಮೋಡಗಳು. ಜಲಜನಕಕ್ಕೊಂದು, ಗಂಧಕಕ್ಕೊಂದು, ಆಮ್ಲಜನಕಕ್ಕೊಂದು ಫಿಲ್ಟರ್ ಗಾಜು. ಪ್ರತಿಯೊಂದೂ ತನಗೆ ಬೇಕಾದ ಬಣ್ಣದ ಬೆಳಕನ್ನಷ್ಟೇ ಒಳಗೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಾಗಿಲು ಹಾಕುತ್ತದೆ. ಅದನ್ನು ಕ್ಯಾಮೆರಾದೊಳಗೆ ಕೂರಿಸಿ, ರಾತ್ರಿಗಟ್ಟಲೆ ಬೆಳಕನ್ನು ಹನಿಹನಿಯಾಗಿ ಕೂಡಿಹಾಕಬೇಕು. ಕೊನೆಗೆ ದೂರದರ್ಶಕದ ಬಾಯಿಗೆ ಬಿಳಿ ಬಟ್ಟೆ ಬಿಗಿದು ಅದರದ್ದೂ ಕೆಲವು ಚಿತ್ರ ತೆಗೆಯಬೇಕು. ಗಾಜಿನ ಮೇಲೆ ಧೂಳೋ ಕಲೆಯೋ ಇದ್ದರೆ ಆ ಬಿಳುಪಿನಲ್ಲಿ ಸಿಕ್ಕಿಬೀಳುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸಬಹುದು.

ಈ ಬಿಳಿ ಬಟ್ಟೆಯ ಉಸಾಬರಿ ಯಜಮಾನರಿಗೆ ಆಗಿಬರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಗಾಜು ಒರೆಸಿಯೇ ಸಂಸಾರ ನಡೆಸುತ್ತಿರುವವನ ಗಾಜಿನ ಮೇಲೆ ಕಲೆಯೇ? ಅದೆಲ್ಲ ನಿನ್ನೆ ಕ್ಯಾಮೆರಾ ಹಿಡಿದವರಿಗೆ ಎಂದು ಅವರು ಆ ಶಾಸ್ತ್ರವನ್ನೇ ಕೈಬಿಟ್ಟರು.

ಹೊಸ ಆಮ್ಲಜನಕದ ಫಿಲ್ಟರ್ ತರಿಸಿದರು. ಹತ್ತು ದಿನ ರಜೆ ಹಾಕಿ, ಅಂಗಡಿಗೆ ಬೀಗ ಜಡಿದು, ತಾರಸಿಯಲ್ಲಿ ಒಟ್ಟು ಮೂವತ್ತೊಂದು ಗಂಟೆಯ ಬೆಳಕು ಕೂಡಿಹಾಕಿದರು. ಹನ್ನೊಂದನೇ ದಿನ ಮಧ್ಯಾಹ್ನ ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿ ಕಂಪ್ಯೂಟರಿನಲ್ಲಿ ಹೊಳಪು ಏರಿಸುತ್ತಾ ಹೋದಾಗ, ಚಿತ್ರದ ಮೂಲೆಯಲ್ಲಿ ನಿಧಾನವಾಗಿ ಅದು ಮೂಡಿತು. ಮೊಟ್ಟೆಯಾಕಾರದ ಹಸಿರುನೀಲಿ ಮೋಡ, ಒಳಗೆ ಒಂದರ ಪಕ್ಕ ಒಂದು ಬಾಗಿದ ಅಲೆಗಳು, ನಡುವೆ ಓರೆಯಾಗಿ ಕಪ್ಪು ಗೆರೆ. ಯಾವ ನಕ್ಷೆಯಲ್ಲೂ ಅದಿಲ್ಲ. ಜಲಜನಕದ ಚಿತ್ರದಲ್ಲೂ ಇಲ್ಲ, ಗಂಧಕದಲ್ಲೂ ಇಲ್ಲ, ಆಮ್ಲಜನಕದಲ್ಲಿ ಮಾತ್ರ! ಯಜಮಾನರು ಕುರ್ಚಿಯಿಂದ ಎದ್ದುನಿಂತು ಕಂಪ್ಯೂಟರಿಗೆ ನಮಸ್ಕಾರ ಹೊಡೆದರು.

ಅರ್ಧ ಗಂಟೆಯೊಳಗೆ ಕ್ಲಬ್ಬಿನವರಿಗೆಲ್ಲ ಸುದ್ದಿ ಹೋಯಿತು. ಯಾವುದೋ ನಕ್ಷತ್ರ ಸಿಡಿದು ಎದ್ದ ಆಘಾತದ ಅಲೆಗಳಿವು, ನಡುವಿನ ಕಪ್ಪು ಗೆರೆ ದಟ್ಟ ಧೂಳಿನ ಪಟ್ಟಿ ಎಂದು ನಾಲ್ಕು ಪುಟದ ವಿವರಣೆಯನ್ನೂ ಲಗತ್ತಿಸಿದ್ದರು. ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು, ಊರವರ ಬಾಯಿ ತೆರೆಸಿ ತಾವೇ ಮಾತಾಡುವವರು. ತಮ್ಮ ಹಳೆಯ ಚಿತ್ರವೊಂದರಲ್ಲೂ ಈ ನೀಹಾರಿಕೆಯ ಸುಳಿವು ಕಂಡಿತ್ತೆಂದೂ, ಅಂದೇ ತಮಗೆ ಗುಮಾನಿ ಬಂದಿತ್ತೆಂದೂ ಅವರು ಉತ್ತರ ಬರೆದರು. ಭಾನುವಾರ ವಿಶೇಷ ಸಭೆ ನಿಗದಿಯಾಯಿತು. ಮೊಳೆ ಖಾತ್ರಿಯಾಯಿತು.

ಸಂಜೆ ಹೆಂಡತಿ ಕೆಲಸದಿಂದ ಬರುವಷ್ಟರಲ್ಲಿ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಒರಗಿಸಿಟ್ಟಿದ್ದರು. ಆಕೆ ನೋಂದಣಿ ಕಚೇರಿಯ ಗುಮಾಸ್ತೆ. ಮನೆ ಮಾರುವವರು, ಕೊಳ್ಳುವವರು, ಸಾಕ್ಷಿಗಳು ಎಲ್ಲರ ಹೆಬ್ಬೆಟ್ಟನ್ನೂ ಶಾಯಿಗೆ ಅದ್ದಿಸಿ ಕಾಗದಕ್ಕೆ ಒತ್ತಿಸುವುದು ಹದಿನೆಂಟು ವರ್ಷದಿಂದ ಅವರ ಕೆಲಸ. ಚಪ್ಪಲಿ ಬಿಡುವುದಕ್ಕೂ ಬಿಡದೆ ಯಜಮಾನರು ಅವರನ್ನು ಚಿತ್ರದೆದುರು ನಿಲ್ಲಿಸಿದರು.

"ನೋಡು, ನಕ್ಷತ್ರ ಸಿಡಿದ ಅಲೆ, ನಡುವೆ ಧೂಳಿನ ಪಟ್ಟಿ. ಪ್ರಪಂಚದಲ್ಲಿ ಇದನ್ನ ಮೊದಲು ನೋಡಿದೋನು ನಾನು. ಇದಕ್ಕೆ ನಿನ್ನ ಹೆಸರೇ ಇಡೋದು ಅಂತ ತೀರ್ಮಾನ ಮಾಡಿದೀನಿ ಕಣೇ."

ಹೆಂಡತಿ ಚಿತ್ರದ ಹತ್ತಿರ ಹೋದರು, ದೂರ ಬಂದರು, ತಲೆ ಓರೆ ಮಾಡಿದರು. ಅವರ ಮುಖದಲ್ಲಿ ಭಕ್ತಿಯೇನೂ ಕಾಣಲಿಲ್ಲ, ಕಚೇರಿಯ ಕಳೆ ಕಂಡಿತು.

"ರೀ, ಕೈ ಕೊಡಿ."

ಅಭಿನಂದನೆಯೆಂದುಕೊಂಡು ಯಜಮಾನರು ಬಲಗೈ ಚಾಚಿದರು.

"ಅದಲ್ಲ, ಎಡಗೈ."

ಎಡಗೈ ಹೆಬ್ಬೆಟ್ಟನ್ನು ಮೇಲೆ ತಿರುಗಿಸಿ, ದೀಪಕ್ಕೆ ಹಿಡಿದು, ಒಮ್ಮೆ ಬೆರಳು, ಒಮ್ಮೆ ಚಿತ್ರ ನೋಡಿದರು. ಆ ಬೆರಳಿನ ಮೇಲೆ, ಕನ್ನಡಕದ ಗಾಜು ಕೊಯ್ದು ಹೊಲಿಗೆ ಹಾಕಿಸಿಕೊಂಡಿದ್ದ ಹಳೆಯ ಗಾಯದ ಗೆರೆ, ಓರೆಯಾಗಿ.

"ಧೂಳಿನ ಪಟ್ಟಿ ಇಲ್ಲಿದೆ ನೋಡಿ," ಎಂದರು ಹೆಂಡತಿ. "ಸುಳಿನೂ ಇದೇ, ಅಂಚೂ ಇದೇ. ಒತ್ತಿದ್ದು ಮಾತ್ರ ಜಾಸ್ತಿ ಆಗಿದೆ. ನಮ್ಮಲ್ಲಾಗಿದ್ರೆ ಇನ್ನೊಂದ್ಸಲ ಒತ್ತಿಸ್ತಿದ್ದೆ. ನನ್ನ ಹೆಸರೇನೂ ಬೇಡ ಇದಕ್ಕೆ, ನಿಮ್ಮ ಹೆಸರೇ ಇರ್ಲಿ."

ಯಜಮಾನರು ತಾರಸಿಗೆ ಓಡಿದರು. ಕ್ಯಾಮೆರಾ ಬಿಚ್ಚಿ ಆಮ್ಲಜನಕದ ಗಾಜನ್ನು ಬೆಳಕಿಗೆ ಓರೆ ಮಾಡಿ ಹಿಡಿದರೆ, ಡಬ್ಬಿಯಿಂದ ತೆಗೆದ ದಿನದ ಸಡಗರದಲ್ಲಿ ಒತ್ತಿದ ಹೆಬ್ಬೆಟ್ಟು, ಎಣ್ಣೆಜಿಡ್ಡಿನ ಸಮೇತ, ನಗುನಗುತ್ತಾ ಕೂತಿತ್ತು. ಬಿಳಿ ಬಟ್ಟೆ ಕಟ್ಟಿ ಒಂದೇ ಒಂದು ಚಿತ್ರ ತೆಗೆದಿದ್ದರೂ ಮೊದಲ ದಿನವೇ ಗೊತ್ತಾಗುತ್ತಿತ್ತು. ಅವರು ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟರು. ಎಂಟು ವರ್ಷದ ಆಸೆ ಕೈಗೆ ಬಂದಂತೆ ಬಂದು ಜಾರಿದ ಸಂಕಟ ಸಣ್ಣದಲ್ಲ. ಕಣ್ಣಲ್ಲಿ ನೀರೇ ಬಂತು. ಹೆಂಡತಿ ಹಿಂದೆಯೇ ಕಾಫಿ ತಂದು ಪಕ್ಕದಲ್ಲಿ ಕೂತರು. ಸಭೆಗೆ ಜ್ವರವೆಂದು ಹೇಳಿಕಳಿಸೋಣವೇ ಎಂದು ಯಜಮಾನರು ಕೇಳಿದ್ದಕ್ಕೆ, ಸುಳ್ಳಿಗೆ ತಾನು ಸಾಕ್ಷಿ ಹಾಕುವುದಿಲ್ಲ, ಬೇಕಾದರೆ ಜೊತೆಗೆ ಬರುತ್ತೇನೆ ಎಂದರು.

ಭಾನುವಾರ ಮೂವತ್ತು ಜನರೆದುರು ಯಜಮಾನರು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡು ಹೆಬ್ಬೆಟ್ಟನ್ನು ಎತ್ತಿ ತೋರಿಸಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಇದರ ಸುಳಿವನ್ನು ಮೊದಲೇ ಕಂಡಿದ್ದ ಡಾಕ್ಟರು ಮಾತ್ರ ತಮ್ಮ ಹತ್ತೂ ಬೆರಳನ್ನು ಒಂದೊಂದಾಗಿ ಪರೀಕ್ಷಿಸಿಕೊಳ್ಳುತ್ತಿದ್ದರು. ಕೊನೆಗೆ ಯಾರೋ, ಏನೇ ಆಗಲಿ ಈ ಚಿತ್ರ ಗೋಡೆಗೆ ಹೋಗಲೇಬೇಕು ಎಂದರು. ಮೂವತ್ತೂ ಕೈಗಳು ಮೇಲೆದ್ದವು. ಕ್ಲಬ್ಬಿನ ಚರಿತ್ರೆಯಲ್ಲಿ ಅಂಥ ಬಹುಮತ ಯಾವ ಚಿತ್ರಕ್ಕೂ ಸಿಕ್ಕಿರಲಿಲ್ಲ.

ಮುಂದಿನ ವಾರ ದಂಪತಿಗಳು ಹೊಸ ಬಟ್ಟೆ ಹಾಕಿಕೊಂಡು ಚಿತ್ರ ನೋಡಲು ಹೋದರು. ಸಭಾಂಗಣದ ನಾಲ್ಕೂ ಗೋಡೆ ಹುಡುಕಿದರೂ ಚಿತ್ರವಿಲ್ಲ. ಸಿಕ್ಕಿದ್ದು ಹಿಂದಿನ ಓಣಿಯಲ್ಲಿ, ಕೈ ತೊಳೆಯುವ ಬೇಸಿನ್ನಿನ ಮೇಲೆ. ಚೆಂದದ ಚೌಕಟ್ಟು, ಕೆಳಗೆ ಡಾಕ್ಟರ ದುಂಡು ಅಕ್ಷರ: "ಕ್ಯಾಮೆರಾ ಬಿಚ್ಚುವ ಮೊದಲು ಸೋಪು ಹಾಕಿ."

ಯಜಮಾನರು ಅದನ್ನು ಎರಡೆರಡು ಸಲ ಓದಿದರು. ಹೆಂಡತಿ ಓರೆಯಾಗಿದ್ದ ಚೌಕಟ್ಟನ್ನು ನೆಟ್ಟಗೆ ಮಾಡಿ ಹೇಳಿದರು:

"ಬೇಜಾರು ಮಾಡ್ಕೋಬೇಡಿ. ಒಳಗಿರೋ ಚಿತ್ರಗಳನ್ನ ಯಾರ್ರೀ ನಿಂತು ನೋಡ್ತಾರೆ? ಇಲ್ಲಾದ್ರೆ ಕೈ ಒದ್ದೆ ಇರೋಷ್ಟು ಹೊತ್ತೂ ನೋಡಲೇಬೇಕು."