ಸುಕ್ಕು, ಧೂಳು, ಮತ್ತು ಒಂದು ಛಲೋ ಹೆಸರು

ಈ ಜಗತ್ತಿನಲ್ಲಿ ನನ್ನಷ್ಟು ಬಂಗಾರದ ಪದಕ ಗೆದ್ದ ಫೋಟೋಗ್ರಾಫರ್ ಮತ್ತೊಬ್ಬನಿಲ್ಲ. ಪ್ಯಾರಿಸ್ಸಿನವರು ಕಾಗದ ಬರೀತಾರೆ, ಜಪಾನಿನವರು ನಮ್ಮ ಮನಿ ಮುಂದಿನ ಕಟ್ಟೀ ಮ್ಯಾಲ ಬಂದು ಕೂಡ್ತಾರೆ. ಇದು ಸುಳ್ಳು ನೋಡ್ರಿ, ನಂಬಬ್ಯಾಡ್ರಿ. ಜಗತ್ತಿನ ಮಾತು ಹೋಗಲಿ, ನಮ್ಮ ಕೇಶ್ವಾಪುರದಲ್ಲೇ ನನಗಿಂತ ಹೆಚ್ಚು ಗೆದ್ದವರಿದ್ದಾರೆ. ನಮ್ಮ ಓಣಿಯಲ್ಲಿ ಮಾತ್ರ ನಾನೇ ಮೊದಲಿಗ. ಯಾಕಂದರೆ ಓಣಿಯಲ್ಲಿ ಕ್ಯಾಮೆರಾ ಇರುವುದು ನನ್ನೊಬ್ಬನ ಹತ್ತಿರ.

ಆದರೆ ನಮ್ಮ ಕ್ಯಾಮೆರಾ ಕ್ಲಬ್ಬಿನ ಪ್ರಸಂಗಗಳು ಮಾತ್ರ ರೂಪಾಯಿಗೆ ಹನ್ನೆರಡಾಣೆ ಖರೇ. ನಾಲ್ಕು ಮಂದಿ ಒಂದು ಕಣ್ಣು ಮುಚ್ಚಿಕೊಂಡು ನಿಂತ ಜಾಗದಲ್ಲಿ ಏನಾದರೊಂದು ಆಗದೇ ಇರುವುದಿಲ್ಲ.

ಧೂಳಿನ ಮಹಿಮೆ

ಸ್ಪರ್ಧೆಯಲ್ಲಿ ಚಿತ್ರ ಗೆಲ್ಲಬೇಕಾದರೆ ಅದರಲ್ಲಿ ಏನಿರಬೇಕು ಎಂಬುದು ನಮ್ಮ ಕ್ಲಬ್ಬಿನ ಅಧ್ಯಕ್ಷರಿಗೆ ಬಾಯಿಪಾಠ. ಅವರು ನಿವೃತ್ತ ಡ್ರಾಯಿಂಗ್ ಮಾಸ್ತರು. ನಮ್ಮನ್ನೂ ಸಾಲಿ ಹುಡುಗರ ಹಾಗೇ ಕೂರಿಸಿ ಹೇಳುತ್ತಾರೆ:

"ನಿಮ್ಮ ಚಿತ್ರ ಜಡ್ಜ್ ಸಾಹೇಬ್ರ ಕಣ್ಣ ಮುಂದ ಇರೂದು ಎರಡು ಉಸಿರಿನ ಹೊತ್ತು. ಅಷ್ಟರಾಗ ಅವರನ್ನ ಹಿಡೀಬೇಕು. ಯಾವುದು ಹಿಡೀತೈತಿ? ಧೂಳು! ಎದುರಿಗೆ ಬಿಸಲು, ನಡಕ ಧೂಳು, ಧೂಳಿನ್ಯಾಗ ಕುರಿ. ಮುಗೀತು, ಬಹುಮಾನ ಕಿಸೆದಾಗ."

ಹಾಗಾಗಿ ಒಂದು ಮುಂಜಾನೆ ಇಡೀ ಕ್ಲಬ್ಬು ಊರ ಹೊರಗಿನ ಮಣ್ಣಿನ ಹಾದಿಯಲ್ಲಿ ಮೊಣಕಾಲೂರಿ ಕುಂತಿತು. ಕುರಿ ಕಾಯುವ ಕಾಕಾ ಒಬ್ಬ ಹಿಂಡು ಹೊಡೆದುಕೊಂಡು ಬಂದ. ಕುರಿಗಳೋ, ಹೊಸ ಮದುಮಗಳು ಗಂಡನ ಮನಿ ತುಂಬುವಾಗ ನಡೆದ ಹಾಗೆ ಹಗೂರಕ ಹೆಜ್ಜೆ ಇಟ್ಟವು. ಒಂದು ಚಿಟಿಕೆ ಧೂಳು ಏಳಲಿಲ್ಲ.

"ಕಾಕಾ, ಇನ್ನೊಮ್ಮೆ ಹೊಡಕೊಂಡ ಬರ್ರಿ," ಅಂದರು ಅಧ್ಯಕ್ಷರು.

ಬಂದ. ಮತ್ತೆ ಅದೇ ಕಥೆ. ಮುಂದಿನ ಸಲ ಕುರಿಗಳು ಹಾದಿ ನಡುವೆ ನಿಂತು ನಮ್ಮನ್ನೇ ನೋಡತೊಡಗಿದವು.

ಕಾಕಾಗೆ ಬ್ಯಾಸರಾತು. "ನನ್ನ ಕುರಿ ಸುಮ್ಮಸುಮ್ಮನ ಓಡೂದಿಲ್ರಿ ಸಾಹೇಬ್ರ. ನೀವ ಮುಂದ ಓಡ್ರಿ. ನಿಮ್ಮ ಬೆನ್ನಹತ್ತಿ ಅವು ಬರ್ತಾವ."

ಅಧ್ಯಕ್ಷರಿಗೆ ಈ ಮಾತು ಶಾಸ್ತ್ರಸಮ್ಮತ ಕಂಡಿತು. ಓಡಿದೆವು ನೋಡ್ರಿ! ಕೊರಳಾಗ ಕ್ಯಾಮೆರಾ, ಹೆಗಲ ಮ್ಯಾಲ ಸ್ಟ್ಯಾಂಡು, ಮೈಮ್ಯಾಲ ಹತ್ತು ಕಿಸೆಯ ಜಾಕೀಟು. ಬಂಗಾರದಂಥ ಧೂಳು ಎದ್ದಿತು. ಹಿಂದೆ ತಿರುಗಿ ನೋಡಿದರೆ ಕುರಿಗಳು ನಿಂತಲ್ಲೇ ಮೆಲುಕು ಹಾಕುತ್ತಿದ್ದವು. ಕಾಕಾ ಸೊಂಟದ ಚೀಲದಿಂದ ಮೊಬೈಲ್ ತೆಗೆದು ನಮ್ಮದೇ ಫೋಟೋ ಹೊಡೆಯುತ್ತಿದ್ದ.

ಆ ದಿನ ತೆಗೆದ ಚಿತ್ರಗಳಲ್ಲಿ ಅದೊಂದೇ ಛಲೋ ಬಂದದ್ದು. ಅದರಲ್ಲಿ ಕುರಿ ಇರಲಿಲ್ಲ ಅಂತ ಮಾತ್ರ ಹೇಳಲು ಬರುವುದಿಲ್ಲ.

ಬೆಳ್ಳಕ್ಕಿಗೆ ನಾಮಕರಣ

ಗೋಕುಲ ರಸ್ತೆಯಲ್ಲಿ ಗ್ಯಾರೇಜು ಇಟ್ಟ ನನ್ನ ಗೆಳೆಯನೊಬ್ಬನಿದ್ದಾನೆ. ಎಲ್ಲರಿಗೂ ಭಾಯ್. ಕ್ಲಬ್ಬಿನಲ್ಲಿ ನನ್ನ ಬಾಜೂ ಕೂಡುವವನು ಅವನೇ, ನನ್ನ ಮಾತು ಕೇಳಿ ಕೆಡುವವನೂ ಅವನೇ.

ಭಾಯ್ ಒಂದು ವರ್ಷ ಕೆರಿ ದಂಡಿಯ ಎರಡು ಬೆಳ್ಳಕ್ಕಿಗಳ ಚಿತ್ರ ಹಾಕಿದ. ಹೆಸರು 'ಎರಡು ಬೆಳ್ಳಕ್ಕಿ'. ಧಾರವಾಡದಿಂದ ಬಂದ ಹಿರಿಯ ಜಡ್ಜರು ತಲೆ ಅಲ್ಲಾಡಿಸಿದರು.

"ಎಡಗಡೆ ಭಾಳ ಖಾಲಿ ಆತು. ಮತ್ತ ಹಕ್ಕಿ ಮೂರು ಇರಬೇಕಾಗಿತ್ತು. ಜೋಡಿ ಇದ್ದರ ಕಣ್ಣಿಗೆ ಹಿಡಸೂದಿಲ್ಲ."

ಹೊರಗೆ ಬಂದ ಮೇಲೆ ಭಾಯ್ ಉರಿದುಬಿದ್ದ. "ಮೂರನೇದನ್ನ ಎಲ್ಲಿಂದ ತರಲೋ? ಅದೇನು ನಟ್-ಬೋಲ್ಟ್ ಏನು, ಕಮ್ಮಿ ಬಿದ್ದರ ಬಾಜೂದ ಅಂಗಡ್ಯಾಗ ಇಸ್ಕೊಂಡ ಬರಾಕ?"

ಬಹುಮಾನ ಬರದ ಚಿತ್ರವನ್ನು ಮರುವರ್ಷ ಮತ್ತೆ ಹಾಕಬಹುದು ಅಂತ ನಮ್ಮಲ್ಲೊಂದು ಪದ್ಧತಿ. ಇಲ್ಲದಿದ್ದರೆ ನನ್ನಂಥವರ ಗತಿ ಏನು? ಮರುವರ್ಷ ನಾನಂದೆ: "ಅದನ್ನ ಹಾಕು. ಹೆಸರಷ್ಟ 'ಏಕಾಂತ' ಅಂತ ಬರಿ."

"ಹಕ್ಕಿ ಎರಡು ಅದಾವಲ್ಲೋ!"

"ನೀ ಹಾಕಪಾ ಸುಮ್ಮನ."

ಅದೇ ಜಡ್ಜರು, ಅದೇ ಚಿತ್ರ. ಕುರ್ಚಿಯಿಂದ ಎದ್ದೇಬಿಟ್ಟರು. "ಆಹಾ! ಎಡಗಡೆ ಎಷ್ಟ ಜಾಗಾ ಬಿಟ್ಟಾನ ನೋಡ್ರಿ! ಅದು ಖಾಲಿ ಅಲ್ಲ, ಮೌನ!"

ಯಾರೋ ಮೆಲ್ಲಗೆ ಕೇಳಿದರು: "ಹಕ್ಕಿ ಎರಡು ಅದಾವಲ್ರೀ ಸರ್?"

"ಒಂದಕ್ಕೊಂದು ಬೆನ್ನ ಮಾಡಿ ಕುಂತಾವ. ಲಗ್ನ ಆಗಿ ಭಾಳ ವರ್ಷ ಆಗಿರಬೇಕು. ಇದಕ್ಕಿಂತ ಏಕಾಂತ ಬ್ಯಾರೆ ಯಾವುದೈತಿ?"

ಭಾಯ್‌ಗೆ ಮೂರನೇ ಬಹುಮಾನ. ತಗೊಂಡು ಬಂದು ನನ್ನ ಕಿವಿಯಲ್ಲಿ ಅಂದ: "ದೊಡ್ಡ ದೊಡ್ಡ ಲೆನ್ಸ್ ಬ್ಯಾಡೋ ನಮಗ. ಲಗ್ನ ಆದ ಜಡ್ಜ್ ಸಿಕ್ಕರ ಸಾಕು."

ಗ್ವಾಡಿ

ನಮ್ಮ ಕ್ಲಬ್ಬಿನಲ್ಲಿ ಒಂದು ಗ್ವಾಡಿ ಇದೆ. ಮೊದಲ ಬಹುಮಾನದ ಚಿತ್ರಗಳನ್ನಷ್ಟೇ ಅದರ ಮೇಲೆ ತೂಗುಹಾಕುತ್ತಾರೆ. ಆ ಗ್ವಾಡಿಗೆ ಮೊಳೆ ಹೊಡೆಯುವವನು ನಾನು. ಎಷ್ಟೋ ಮಂದಿಯ ಚಿತ್ರಕ್ಕೆ ಹೊಡೆದಿದ್ದೇನೆ. ನನ್ನದಕ್ಕೆ ಒಂದೂ ಇಲ್ಲ.

ಹೆಂಡತಿಗೆ ಇದು ಗೊತ್ತು. ನನ್ನ ಚಿತ್ರಗಳಿಗೆ ಮೊದಲ ಜಡ್ಜು ಆಕೆಯೇ. ಸೂರ್ಯ ಮುಳುಗುವ ಚಿತ್ರ ತೋರಿಸಿದರೆ, "ಹಿಂದ ಯಾರದೋ ಚಾದರ ಒಣಹಾಕ್ಯಾರ" ಅನ್ನುತ್ತಾಳೆ. ಒಮ್ಮೆ ಆಕೆಯದೇ ಚಿತ್ರ ತೆಗೆದೆ. ಕ್ಲಬ್ಬಿನ ನಿಯಮದ ಪ್ರಕಾರ ಆಕೆಯನ್ನು ಚಿತ್ರದ ನಡುವೆ ನಿಲ್ಲಿಸದೆ ಒಂದು ದಂಡಿಗೆ ನಿಲ್ಲಿಸಿದ್ದೆ.

"ನಡಕ ಯಾರು ಬರಾವ್ರು ಇದ್ರು?" ಅಂತ ಕೇಳಿದಳು.

ಆಕೆ ನನ್ನ ಲೆನ್ಸಿನ ಡಬ್ಬಿಗಳನ್ನು ಕಪಾಟಿನಿಂದ ತೆಗೆದು ಹೊರಗಿಟ್ಟಳು. "ನಿಮ್ಮ ಚಿತ್ರ ಆ ಗ್ವಾಡಿ ಮ್ಯಾಲ ಬಂದ ದಿನಾ ಇವನ್ನ ಒಳಗ ತರ್ರಿ. ಅಲ್ಲೀಮಟ ಇಲ್ಲಿ ನನ್ನ ಸೀರಿ ಇರ್ತಾವ."

ಡಬ್ಬಿಗಳು ಈರುಳ್ಳಿ ಬುಟ್ಟಿಯ ಬಾಜೂ ಹೋದವು. ಅಂದಿನಿಂದ ಪೋರ್ಟ್ರೇಟ್ ತೆಗೆಯಲು ಯಾರ ಮುಂದೆ ಲೆನ್ಸ್ ಹಿಡಿದರೂ, ಅವರ ಕಣ್ಣಲ್ಲಿ ನೀರು ತಾನೇ ಬರುತ್ತಿತ್ತು.

ಹಸಿವು

ಒಂದು ಮುಂಜಾನೆ ಅಮರಗೋಳದ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಶೇಂಗಾ ಚೀಲಗಳ ಮೇಲೆ ಒಬ್ಬ ಮುದುಕರು ಕುಂತಿದ್ದರು. ತಲೆಗೆ ಹಳೇ ಟವೆಲ್ಲು, ಹಣೆ ಮೇಲೆ ವಿಭೂತಿ, ಮುಖದ ತುಂಬ ಸುಕ್ಕು. ಎಂಥಾ ಸುಕ್ಕು ಅಂತೀರಿ! ತಗಡಿನ ಛಾವಣಿಯ ತೂತಿನಿಂದ ಬೆಳಕು ಓರೆಯಾಗಿ ಬಿದ್ದಿತ್ತು, ಬೆಳಕಿನಲ್ಲಿ ಕಾಳಿನ ಧೂಳು ತೇಲುತ್ತಿತ್ತು. ಮುದುಕರು ದೂರದಲ್ಲಿ ಏನನ್ನೋ ಕಣ್ಣು ಕೀಳದೆ ನೋಡುತ್ತಿದ್ದರು. ಹೊಡೆದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು 'ಮಾರ್ಕೆಟ್ಟಿನ ಮುಂಜಾನೆ' ಅಂತ ಹೆಸರಿಡುವವನಿದ್ದೆ. ಭಾಯ್ ಹಣೆ ಹಣೆ ಬಡಿದುಕೊಂಡ. "ನನ್ನ ಬೆಳ್ಳಕ್ಕಿಗೆ ಬುದ್ಧಿ ಹೇಳಿದಾಂವ ನೀನ ಏನೋ? 'ಹಸಿವು' ಅಂತ ಬರಿ."

ಬರೆದೆ. ಮೊದಲ ಬಹುಮಾನ ಬಂತು! ಇದು ಮಾತ್ರ ಹದಿನಾರಾಣೆ ಖರೇ. ನನ್ನ ಚಿತ್ರಕ್ಕೆ ನಾನೇ ಮೊಳೆ ಹೊಡೆದೆ. ಎದೆ ಎಷ್ಟು ಉಬ್ಬಿತ್ತೆಂದರೆ ಸುತ್ತಿಗೆ ಕಾಣುತ್ತಿರಲಿಲ್ಲ, ಹೆಬ್ಬೆರಳಿಗೂ ಒಂದು ಏಟು ಬಿತ್ತು.

ಬಹುಮಾನದ ದಿನ ಹೆಂಡತಿ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕುಂತಳು. ಮುಖ್ಯ ಅತಿಥಿಗಳು ಅಮರಗೋಳದಲ್ಲಿ ಕಾಳುಕಡಿ ದಲಾಲಿ ನಡೆಸುವ ದೊಡ್ಡ ಅಡತಿ ಸಾವ್ಕಾರರು, ಕ್ಲಬ್ಬಿಗೆ ಹೊಸ ಪರದೆ ಕೊಡಿಸಿದವರು. ಬಿಳಿ ಧೋತರ, ಕರೀ ಕೋಟು, ತಲೆಗೆ ಸುತ್ತಿದ ರೇಷ್ಮೆ ಪಟಗಾ. ಹಿಂದೆ ಅವರ ಧರ್ಮಪತ್ನಿ. ಎಲ್ಲರೂ ಪಟಗಾಕ್ಕೆ ಕೈಮುಗಿದರು, ಮುಖ ಯಾರೂ ನೋಡಲಿಲ್ಲ. ನಾನು ನೋಡಿದೆ. ಆ ಸುಕ್ಕುಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತಿದ್ದಿ ತೀಡಿದವನು ನಾನು. ಭಾಯ್‌ನ ತೋಳು ಹಿಡಿದು ಜಗ್ಗಿದೆ.

"ಭಾಯ್, ನಮ್ಮ ಹಸಿವು ಬಂತು. ಓಡೂಣು ನಡಿ."

ಭಾಯ್ ಚಿತ್ರ ನೋಡಿದ, ಸಾವ್ಕಾರರನ್ನು ನೋಡಿದ. "ವೈನಿ ಅಲ್ಲಿ ಕುಂತಾರ, ಹೆಂಡ್ತಿನ್ನ ಬಿಟ್ಟು ಓಡ್ತೀಯೇನೋ?"

"ಓಡೂದ ಆಕಿ ಸಲುವಾಗಿ! ಬಹುಮಾನ ಕಸಕೊಂಡ್ರ, ಆಕಿ ಎದುರಿಗೆ ಆ ಮೊಳಿ ನಾನ ಕೀಳಬೇಕು."

ಅಷ್ಟರಲ್ಲಿ ಜಡ್ಜರು ಸಾವ್ಕಾರರನ್ನು ನೇರವಾಗಿ ಗ್ವಾಡಿಗೇ ಕರೆತಂದು ವಿವರಿಸಲು ಶುರುಮಾಡಿದ್ದರು. "ನೋಡ್ರಿ ಸಾವ್ಕಾರ್ರ, ಈ ಬಡ ಮುದುಕನ ಕಣ್ಣಾಗ ಮೂರು ತಲಿಮಾರಿನ ಹಸಿವೈತಿ."

ಸಾವ್ಕಾರರು ಕೈ ಹಿಂದೆ ಕಟ್ಟಿಕೊಂಡು ಕೇಳಿದರು: "ಪಾಪ. ಊಟಾ ಮಾಡಿ ಎಷ್ಟು ದಿನಾ ಆಗಿರಬೇಕ್ರಿ?"

"ನಾಕು ದಿನಾ ಅಂತೂ ಆಗಿರಬೇಕು."

"ಮನಿ ಮಠಾ ಐತೋ ಇಲ್ಲೋ?"

"ಮುಖಾ ನೋಡಿದ್ರ ತಿಳಿಯೂದಿಲ್ಲೇನ್ರಿ? ಇರಲಿಕ್ಕಿಲ್ಲ."

ಸಾವ್ಕಾರರು ತಿರುಗಿದರು. "ಇದನ್ನ ತಗದಾಂವ ಯಾರು?"

ಭಾಯ್ ನನ್ನನ್ನು ಮುಂದೆ ನೂಕಿದ. ಸಾವ್ಕಾರರು ಪಟಗಾ ತೆಗೆದು ಕೈಯಲ್ಲಿ ಹಿಡಿದು, ಚಿತ್ರದ ಬಾಜೂ ಮುಖವಿಟ್ಟು ನಿಂತರು. ಜಡ್ಜರು ಚಿತ್ರ ನೋಡಿದರು, ಮುಖ ನೋಡಿದರು, ಕನ್ನಡಕ ಒರೆಸಿಕೊಂಡರು. ಅಧ್ಯಕ್ಷರು ಕುರ್ಚಿ ಹುಡುಕಿದರು. ನಾನು ಮೊಳೆ ನೋಡುತ್ತ ನಿಂತೆ.

ಸಾವ್ಕಾರರು ಮಾತಾಡಿದ್ದು ನನ್ನ ಕೂಡ ಅಲ್ಲ, ತಮ್ಮ ಮನೆಯವರ ಕೂಡ.

"ಈಗರೆ ನಂಬತೀಯೇನು? ಸಕ್ಕರಿ ಬ್ಯಾನಿ ಐತಿ ಅಂತ ದಿನಾ ಮುಂಜಾನೆ ಒಂದು ಮುಷ್ಟಿ ನವಣಿ ಉಪ್ಪಿಟ್ಟು ಕಟ್ಟಿ ಕಳಸ್ತಿ. ನನ್ನ ಅಂಗಡಿ ಎದುರಿಗೆ ಮಿರ್ಚಿ ಭಜಿ ಕರೀತಾರ, ಚೀಲದ ಮ್ಯಾಲ ಕುಂತು ಅದನ್ನ ನೋಡ್ತಿರ್ತೇನಿ. ಹೊಟ್ಟಿ ಹಸೀತು ಅಂದ್ರ ನಾಟಕ ಮಾಡ್ತೀರಿ ಅಂತಿ. ನೋಡಿಲ್ಲಿ, ಧಾರವಾಡದಿಂದ ಇಷ್ಟು ದೊಡ್ಡವರು ಬಂದು ಹೇಳಾಕತ್ತಾರ!"

ಜಡ್ಜರಿಗೆ ಜೀವ ಬಂತು. "ನಾ ಹೇಳಲಿಲ್ಲೇನ್ರಿ, ಹಸಿವು ಖರೇ ಐತಿ ಅಂತ!"

ಸಾವ್ಕಾರರ ಮನೆಯವರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಹೋಗ್ಲಿ, ವಾರಕ್ಕೊಮ್ಮೆ ಎರಡು ಭಜಿ ತಿನ್ರಿ," ಅಂದರು. ಇಡೀ ಸಭೆ ಚಪ್ಪಾಳೆ ಹೊಡೆಯಿತು. ಸಾವ್ಕಾರರು ತಮ್ಮ ಕೈಯಿಂದಲೇ ನನಗೆ ಬಹುಮಾನ ಕೊಟ್ಟು, ಬೆನ್ನು ತಟ್ಟಿದರು.

ಆಮೇಲೆ ನನ್ನ ಹೆಂಡತಿ ಎದ್ದು ಗ್ವಾಡಿಯ ಹತ್ತಿರ ಬಂದಳು. ಸೆರಗಿನಿಂದ ಚಿತ್ರದ ಗಾಜು ಒರೆಸಿದಳು. ನಮ್ಮ ಲಗ್ನದ ಫೋಟೋ ಸೈತ ಆಕೆ ಹಾಗೆ ಒರೆಸಿಲ್ಲ ನೋಡ್ರಿ. ಮರುದಿನ ನನ್ನ ಡಬ್ಬಿಗಳು ಕಪಾಟಿನೊಳಗೆ ಹೋದವು, ಅರ್ಧ ಸೀರೆ ಹೊರಗೆ ಬಂದವು.

ಆದರೆ ಸಾವ್ಕಾರರು ಬೆನ್ನು ತಟ್ಟುವಾಗ ಕಿವಿಯಲ್ಲಿ ಒಂದು ಮಾತು ಅಂದಿದ್ದರು: "ನನ್ನ ಹಸಿವಿನ ಮ್ಯಾಲ ಹೆಸರು ಗಳಿಸೀದಿ ತಮ್ಮಾ. ಇನ್ನ ಅದನ್ನ ತೀರಿಸಾಂವನೂ ನೀನ." ಅಂದಿನಿಂದ ಪ್ರತಿ ವಾರ ಭಜಿ ಅಂಗಡಿಗೆ ಬರುತ್ತಾರೆ. ಮನೆಯವರು ಹೇಳಿದ ಎರಡು ಭಜಿ ಅವರ ಲೆಕ್ಕಕ್ಕೆ. ಉಳಿದ ಪ್ಲೇಟೆಲ್ಲ ನನ್ನ ಲೆಕ್ಕಕ್ಕೆ. ಈಗಷ್ಟೇ ಅವರನ್ನ ಉಣಿಸಿ ಕಳಿಸಿ ಬಂದೇನಿ, ಕಿಸೆ ಝಾಡಿಸಿದ್ರ ಲೆನ್ಸ್ ಒರಸೂ ಅರಿವಿ ಒಂದ ಬೀಳತೈತಿ. ಅದಕ್ಕ, ಇಷ್ಟೊತ್ತು ಮಾತಾಡಕೋತ ಕುಡದ ಈ ಚಹಾದ ರೊಕ್ಕ ಒಂದಿಷ್ಟು ನೀವ ಕೊಟ್ಟುಬಿಡ್ರಿ.