ನಲವತ್ತು ಪಟ್ಟು ಹತ್ತಿರ: ಜೂಮ್ ಕ್ಯಾಮೆರಾ ತಯಾರಕರಿಗೊಂದು ಬಿನ್ನಹ

ಅತಿ ಅಗ್ಗವೂ ಅಲ್ಲದ, ಅತಿ ದುಬಾರಿಯೂ ಅಲ್ಲದ, ಉದ್ದ ಮೂಗಿನ ಪ್ರವಾಸಿ ಕ್ಯಾಮೆರಾಗಳನ್ನು ತಯಾರಿಸುವ ಸಂಸ್ಥೆಯ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಕಾರ್ಖಾನೆಯಲ್ಲಿ ಕೂತು ಗಾಜು ಉಜ್ಜುವ ಸಮಸ್ತರೂ ಕುಶಲವೆಂದು ನಂಬಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಯಾಮೆರಾವೂ ಕ್ಷೇಮ. ಅದನ್ನು ಕೂಸಿನ ಹಾಗೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇವೆ. ಹೊಗಳುವುದಕ್ಕೂ ದೂರುವುದಕ್ಕೂ ನನ್ನಲ್ಲಿ ಬೇಕಾದಷ್ಟು ಸಂಗತಿಗಳಿದ್ದು, ಯಾವುದು ಯಾವುದೆಂದು ಬೇರ್ಪಡಿಸುವ ಶಕ್ತಿ ನನಗಿಲ್ಲದ ಕಾರಣ ಎರಡನ್ನೂ ಒಟ್ಟಿಗೇ ತಮ್ಮ ಮುಂದಿಡುತ್ತಿದ್ದೇನೆ. ದಯವಿಟ್ಟು ತಾವೇ ಆರಿಸಿಕೊಳ್ಳಬೇಕು. ಆರಿಸುವ ಕಷ್ಟ ಏನೆಂಬುದು ತಮಗೂ ಒಮ್ಮೆ ತಿಳಿಯಲಿ.

ನಾನು ಕನ್ನಡಕದ ಅಂಗಡಿಯವನು. ಗಿರಾಕಿಯ ಮೂಗಿನ ಮೇಲೆ ಲೋಹದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಈಗ ಚೆನ್ನಾಗಿದೆಯಾ, ಆಗ ಚೆನ್ನಾಗಿತ್ತಾ?" ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುವುದೇ ನನ್ನ ಕಸುಬು. ಎದುರಿಗಿದ್ದವರು ಗಲಿಬಿಲಿಗೊಂಡು "ಎರಡೂ ಒಂದೇ ಥರ ಕಾಣ್ತಿದೆಯಲ್ಲ ಸ್ವಾಮಿ" ಎಂದಾಗ ನಾನು ಒಳಗೊಳಗೇ ನಕ್ಕಿದ್ದುಂಟು. ತಮ್ಮ ಮತ್ತು ತಮ್ಮ ಪ್ರತಿಸ್ಪರ್ಧಿಗಳ ಕ್ಯಾಮೆರಾಗಳು ಸಾಲಾಗಿ ನಿಂತಿದ್ದ ಗಾಜಿನ ಕಪಾಟಿನ ಮುಂದೆ ನಾನು ಬಾಯಿ ಬಿಟ್ಟುಕೊಂಡು ನಿಂತ ದಿನ ಆ ನಗೆಯೆಲ್ಲ ನನಗೇ ವಾಪಸು ಬಂತು.

ಕ್ಯಾಮೆರಾ ಯಾಕೆ ಬೇಕಾಯಿತೆಂದು ತಾವು ಕೇಳಬಹುದು. ನಮ್ಮ ಜೊತೆಯಲ್ಲೇ ಇರುವ ನನ್ನ ಮಾವ, ಅಂದರೆ ನನ್ನ ಹೆಂಡತಿಯ ತಂದೆ, ಸಮುದ್ರ ತೀರದ ಒಂದು ದೀಪಸ್ತಂಭದಲ್ಲಿ ದೀಪ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಆಯುಷ್ಯದ ಮುಕ್ಕಾಲು ಪಾಲನ್ನು ಸಮುದ್ರ ನೋಡುತ್ತ ಕಳೆದರೂ ಅವರು ಒಮ್ಮೆಯೂ ಅದರ ಮೇಲೆ ಹೋದವರಲ್ಲ. ದೋಣಿ ಎಂದರೆ ಅವರಿಗೆ ಆಗದು. ದಡಕ್ಕೆ ಕಟ್ಟಿಹಾಕಿದ ದೋಣಿಯಲ್ಲಿ ಕಾಲಿಟ್ಟರೂ ಸಾಕು, ಹೊಟ್ಟೆ ತೊಳಸಿ ಮುಖ ಬಿಳಿಚಿಕೊಳ್ಳುತ್ತದೆ. ಹೀಗಾಗಿ ಮಾವ ದಿನಾ ಹೊತ್ತಿಸಿದ ದೀಪ ಯಾರಿಗಾಗಿ ಹೊತ್ತುತ್ತಿತ್ತೋ ಅವರ ಕಣ್ಣಿಗೆ ಹೇಗೆ ಕಾಣುತ್ತಿತ್ತೆಂಬುದು ಮಾವನವರಿಗೆ ಅಲ್ಲಿಯವರೆಗೂ ತಿಳಿಯದ ವಿಷಯವಾಗಿತ್ತು. ಕಾಣುತ್ತಿತ್ತೋ ಇಲ್ಲವೋ ಎಂಬುದೂ ಅವರಿಗೆ ಖಾತ್ರಿಯಿರಲಿಲ್ಲ. ಹಡಗಿನವರು ದಡಕ್ಕೆ ಬಂದು "ನಿಮ್ಮ ದೀಪ ನೋಡಿದೆವು, ಬಹಳ ಉಪಕಾರವಾಯಿತು" ಎಂದು ಹೇಳಿ ಹೋಗುವ ಪದ್ಧತಿ ಇಲ್ಲವಷ್ಟೆ.

ಈಗ ಹಡಗುಗಳಿಗೆಲ್ಲ ದಾರಿ ತೋರಿಸುವ ಯಂತ್ರಗಳು ಬಂದಿರುವುದರಿಂದ ಆ ದೀಪವನ್ನು ಶಾಶ್ವತವಾಗಿ ಆರಿಸುವುದೆಂದು ತೀರ್ಮಾನವಾಯಿತು. ಈಗಿನ ಕಾವಲಿನವರು ಒಳ್ಳೆಯ ಮನುಷ್ಯ. ಕೊನೆಯ ಸಂಜೆ ತಾವೇ ಬಂದು ಹೊತ್ತಿಸಬೇಕೆಂದು ಮಾವನವರಿಗೆ ಫೋನು ಮಾಡಿ ಕರೆದರು. ಅವತ್ತು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಮಾವ ನನಗೆ ಹೇಳಿದ್ದು ಇಷ್ಟೇ: "ನಾನು ಮೇಲೆ ಇರ್ತೀನಿ. ನೀನು ದೋಣೀಲಿ ಹೋಗಿ ಒಂದು ಫೋಟೋ ತೆಗೆದುಕೊಂಡು ಬಾ. ಅಲ್ಲಿರೋರಿಗೆ ಅದು ಹೇಗೆ ಕಾಣ್ತಿತ್ತು ಅಂತ ಒಂದು ಸಲ ನೋಡ್ಬೇಕು." ಅವರು ಬೇರೆ ಏನನ್ನೂ ನನ್ನಿಂದ ಕೇಳಿದವರಲ್ಲ. ಮಗಳನ್ನು ಕೊಟ್ಟವರು, ಆಮೇಲೆ ಕೊಟ್ಟ ಹೆಣ್ಣಿನ ಬಗ್ಗೆಯೂ ಕೇಳಿದವರಲ್ಲ.

ಮೊದಲು ನನ್ನ ಫೋನಿನಲ್ಲೇ ಪರೀಕ್ಷೆ ಮಾಡಿದೆ. ಬೀದಿಯ ಆಚೆ ತುದಿಯ ನೀರಿನ ಟ್ಯಾಂಕು ಅದರಲ್ಲಿ ಸಾಸಿವೆ ಕಾಳಿನಷ್ಟು ಬಂತು. ದೂರದ್ದು ಎಂದ ಕೂಡಲೇ ಅದನ್ನು ಹತ್ತಿರ ತರುವುದು ಹೇಗೆಂದು ಯೋಚಿಸುವುದು ಕನ್ನಡಕದವನ ಚಾಳಿ. ಜೂಮ್ ಇರುವ ಒಳ್ಳೆಯ ಕ್ಯಾಮೆರಾ ಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆ.

ಇಲ್ಲಿಂದ ಮುಂದೆ ತಮ್ಮ ಲೋಕದ ವೈಭವವನ್ನು ವರ್ಣಿಸಲು ನನಗೆ ಮಾತು ಸಾಲದು. ಅಗ್ಗದ ಕ್ಯಾಮೆರಾಗಳ ಮೂಗು ಮೊಂಡು. ದುಬಾರಿಯವುಗಳ ಮೂಗನ್ನು ಬೇರೆಯಾಗಿ ಕೊಳ್ಳಬೇಕು, ಅದಕ್ಕೊಂದು ಚೀಲ, ಚೀಲ ಹೊರಲು ಒಂದು ಬೆನ್ನು. ಉಳಿದದ್ದು ನಡುವಿನ ಬೆಲೆಯವು, ಮತ್ತು ಆ ನಡುವಿನಲ್ಲಿ ತಾವುಗಳೆಲ್ಲ ಸೇರಿ ಜಾತ್ರೆಯನ್ನೇ ನೆರೆಸಿದ್ದೀರಿ. ಒಂದರ ಜೂಮ್ ಉದ್ದ, ಬೆಳಕು ಕಡಿಮೆ. ಇನ್ನೊಂದಕ್ಕೆ ಬೆಳಕು ಜಾಸ್ತಿ, ಜೂಮ್ ಗಿಡ್ಡ. ಮೂರನೆಯದರಲ್ಲಿ ಎರಡೂ ಇದ್ದು ಬ್ಯಾಟರಿ ಮಾತ್ರ ಮಧ್ಯಾಹ್ನಕ್ಕೇ ಆಕಳಿಸುತ್ತದೆ. ಇವುಗಳ ನಡುವೆ ನನಗೆ ದಾರಿ ತೋರಿಸಲು ಮುಂದೆ ಬಂದವನು ನನ್ನ ಹೆಂಡತಿಯ ತಮ್ಮ. ಮನೆಯ ಮಕ್ಕಳ ಬಾಯಲ್ಲಿ ಅವನ ಹೆಸರು ಪಿಕ್ಸೆಲ್ ಮಾಮ. ಅವನು ಈವರೆಗೆ ಒಂದು ಕ್ಯಾಮೆರಾವನ್ನೂ ಕೊಂಡವನಲ್ಲ, ಯಾಕೆಂದರೆ ಮುಂದಿನದು ಇನ್ನೂ ಚೆನ್ನಾಗಿರುತ್ತದೆಂದು ಅವನಿಗೆ ಗೊತ್ತು. ನಾನು ಒಂದನ್ನು ಆರಿಸಿ ದುಡ್ಡಿಗೆ ಕೈ ಹಾಕಿದಾಗಲೆಲ್ಲ "ಭಾವ, ಇನ್ನೊಂದು ವಾರ ತಡೀರಿ, ಹೊಸದು ಬರ್ತಿದೆ" ಎಂದು ನನ್ನ ಮೊಣಕೈ ಹಿಡಿಯುತ್ತಿದ್ದ. ಹೀಗೆ ತಡೆದು ತಡೆದು ಕೊನೆಯ ಸಂಜೆ ಹತ್ತಿರ ಬಂದೇಬಿಟ್ಟಿತು. ಮಾವ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುವುದನ್ನು ಹೆಚ್ಚು ಮಾಡಿದರು.

ಕಡೆಗೆ ನನಗೆ ರೇಗಿಹೋಯಿತು. ನನ್ನ ಅಂಗಡಿಯ ಅಕ್ಷರದ ಹಲಗೆಯನ್ನೇ, ಅಂದರೆ ಮೇಲೆ ದಪ್ಪಕ್ಷರ ಕೆಳಗೆ ಇರುವೆಯಂಥ ಅಕ್ಷರ ಇರುತ್ತದಲ್ಲ ಅದನ್ನೇ, ಕಂಕುಳಲ್ಲಿ ಇಟ್ಟುಕೊಂಡು ಕ್ಯಾಮೆರಾ ಅಂಗಡಿಗೆ ಹೋದೆ. ಅದು ಒಂದು ಉದ್ದನೆಯ ಮಳಿಗೆ ಸಾಲಿನ ಒಂದು ತುದಿಯಲ್ಲಿದೆ. ಹಲಗೆಯನ್ನು ಇನ್ನೊಂದು ತುದಿಯ ಚಪ್ಪಲಿ ಅಂಗಡಿಯ ಕಂಬಕ್ಕೆ ನೇತುಹಾಕಿ, ಇತ್ತ ಬಂದು, ಒಂದೊಂದೇ ಕ್ಯಾಮೆರಾದ ಮೂಗನ್ನು ಪೂರ್ತಿ ಚಾಚಿಸಿ ಓದಿಸತೊಡಗಿದೆ. ಯಾವುದಕ್ಕೆ ಕೊನೆಯ ಸಾಲು ಕಾಣುತ್ತದೋ ಅದೇ ನನ್ನದು. ಇಷ್ಟು ಸರಳವಾದ ಪರೀಕ್ಷೆ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಬೀಗಿದೆ ಕೂಡ. ಅಷ್ಟರಲ್ಲಿ ಪುಕ್ಕಟೆ ಕಣ್ಣಿನ ತಪಾಸಣೆ ನಡೆಯುತ್ತಿದೆಯೆಂದು ಚಪ್ಪಲಿ ಅಂಗಡಿಯ ಮುಂದೆ ಜನ ಸಾಲುಗಟ್ಟಿದರು. ಒಬ್ಬ ಅಜ್ಜಿಯಂತೂ ಒಂದು ಕಣ್ಣು ಮುಚ್ಚಿಕೊಂಡು ಹಲಗೆಯ ಮುಂದೆಯೇ ನಿಂತು, ಎಷ್ಟು ಬೇಡಿಕೊಂಡರೂ ಸರಿಯದೆ, "ಮೊದಲು ನನ್ನದು ಮುಗಿಸು, ಆಮೇಲೆ ನಿನ್ನ ಡಬ್ಬಿದು" ಎಂದು ಗದರಿದರು. ಅವರದು ಮುಗಿಸಿದೆ. ಎಡಗಣ್ಣಿಗೆ ಪೊರೆ ಬಂದಿದೆ, ಆಸ್ಪತ್ರೆಗೆ ತೋರಿಸಿ ಎಂದು ಹೇಳಿ ಕಳಿಸಿ, ತಮ್ಮ ಡಬ್ಬಿಗೆ ಮರಳಿದೆ.

ಮಾನ್ಯರೇ, ತಮ್ಮ ನಲವತ್ತು ಪಟ್ಟು ಜೂಮ್‌ನ ಕ್ಯಾಮೆರಾ ಕೊನೆಯ ಸಾಲನ್ನಷ್ಟೇ ಅಲ್ಲ, ಅದರ ಕೆಳಗೆ ಮೂಲೆಯಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿತು. ಇಷ್ಟು ವರ್ಷ ಅಲ್ಲಿ ವಿಳಾಸ ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಮರುಮಾತಿಲ್ಲದೆ ಕೊಂಡೆ. ಮನೆಗೆ ತಂದು ಊಟದ ಮೇಜಿನ ಮೇಲಿಟ್ಟಾಗ, ಶಾಲೆಯಲ್ಲಿ ಲೆಕ್ಕ ಕಲಿಸುವ ನನ್ನ ಹೆಂಡತಿ ಪೆಟ್ಟಿಗೆಯನ್ನು ತಿರುಗಿಸಿ ಓದಿ, "ನಲವತ್ತು ಪಟ್ಟು ಹತ್ತಿರ ತರೋದಾದ್ರೆ ದೋಣೀಲಿ ಅಷ್ಟು ದೂರ ಹೋಗೋದ್ಯಾಕೆ? ದಡದಲ್ಲೇ ನಿಂತು ತೆಗೀಬಹುದಲ್ಲ" ಎಂದಳು. ಲೆಕ್ಕದವರಿಗೆ ಫೋಟೋಗ್ರಫಿ ತಿಳಿಯದೆಂದು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾವ, ಹೆಂಡತಿಯ ಜೊತೆ ದೀಪಸ್ತಂಭದ ಊರಿಗೆ ರೈಲು ಹತ್ತಿದ ಮೇಲೆ ದಾರಿಯುದ್ದಕ್ಕೂ ತಮ್ಮ ಕೈಪಿಡಿಯನ್ನು ಪಾರಾಯಣ ಮಾಡಿದೆ. ತಮ್ಮ ದೂರದೃಷ್ಟಿ ಅಗಾಧ. ಹಿಮಕ್ಕೆ ಒಂದು ವ್ಯವಸ್ಥೆ, ಬಾಣಬಿರುಸಿಗೆ ಒಂದು, ಮಲಗಿದ ಮಗುವಿಗೆ ಒಂದು, ಓಡುವ ನಾಯಿಗೆ ಒಂದು, ತಟ್ಟೆಯಲ್ಲಿರುವ ಊಟಕ್ಕೆ ಒಂದು. ಕಿಟಕಿಯ ಪಕ್ಕ ಕೂತ ಮಾವ ಕನ್ನಡಕ ಏರಿಸಿ ಆ ಪುಟವನ್ನು ಪೂರ್ತಿ ಓದಿ, "ದೀಪಕ್ಕೆ ಯಾವುದು?" ಎಂದರು. ನಾನು ಪುಟ ಮಗುಚಿದೆ, ಮತ್ತೆ ಮಗುಚಿದೆ. ತಾವು ಓಡುವ ನಾಯಿಗೆ ತೋರಿದ ಮಮತೆಯಲ್ಲಿ ಒಂದಂಶವನ್ನು ನಿಂತ ದೀಪಕ್ಕೆ ತೋರಿರಲಿಲ್ಲ.

ಸಂಜೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲು ಹತ್ತಿಹೋದರು. ನಾನೂ ಹೆಂಡತಿಯೂ ಮೀನುಗಾರನೊಬ್ಬನ ದೋಣಿಯಲ್ಲಿ ಹೊರಟೆವು. ಸಾಕಷ್ಟು ದೂರ ಹೋದ ಮೇಲೆ ದೋಣಿಯವನು ಯಂತ್ರ ನಿಲ್ಲಿಸಿದ. ಸೂರ್ಯ ಮುಳುಗುವುದಕ್ಕೂ ದೀಪ ಹೊತ್ತುವುದಕ್ಕೂ ಸರಿಹೋಯಿತು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವನು ಮೂಗನ್ನು ಪೂರ್ತಿ ಚಾಚಿಸಿ ಗುರಿ ಹಿಡಿದೆ. ಆಗ ತಮ್ಮ ಕ್ಯಾಮೆರಾದ ಬುದ್ಧಿವಂತಿಕೆಯ ದರ್ಶನವಾಯಿತು. ಆ ದೀಪ ಸುತ್ತುವ ದೀಪ. ಒಮ್ಮೆ ಮಿಂಚಿ ಒಮ್ಮೆ ಮರೆಯಾಗುತ್ತದೆ. ಅದು ಮಿಂಚಿದಾಗ ಕ್ಯಾಮೆರಾ "ಓಹೋ, ಬೆಳಕು ಜಾಸ್ತಿ" ಎಂದು ಯೋಚಿಸಿ ಕಣ್ಣು ಕಿರಿದು ಮಾಡಿಕೊಳ್ಳುತ್ತಿತ್ತು. ಅಷ್ಟರಲ್ಲಿ ದೀಪ ಮರೆಯಾಗಿ ಕಪ್ಪು ಚಿತ್ರ ಬರುತ್ತಿತ್ತು. ಕತ್ತಲೆಂದು ಕಣ್ಣರಳಿಸುವಷ್ಟರಲ್ಲಿ ದೀಪ ಬಂದು ಬಿಳೀ ಚಿತ್ರ. ಸಾಲದ್ದಕ್ಕೆ ದೋಣಿ ತೊನೆಯುತ್ತಿತ್ತು, ಮತ್ತು ನಲವತ್ತು ಪಟ್ಟು ಹತ್ತಿರ ತರುವ ಯಂತ್ರ ತೊನೆತವನ್ನೂ ನಲವತ್ತು ಪಟ್ಟು ಮಾಡುತ್ತದೆಂಬುದನ್ನು ತಾವು ಪೆಟ್ಟಿಗೆಯ ಮೇಲೆ ವಿನಯದಿಂದ ಬರೆಯದೇ ಬಿಟ್ಟಿದ್ದಿರಿ. ನನ್ನ ಚಪ್ಪಲಿ ಅಂಗಡಿಯ ಕಂಬ ತೊನೆದಿರಲಿಲ್ಲ.

ಇದ್ದಕ್ಕಿದ್ದಂತೆ ಪರದೆಯ ಮೇಲೆ ಹಳದಿ ಚೌಕವೊಂದು ಮೂಡಿ ಗಟ್ಟಿಯಾಗಿ ನಿಂತಿತು. ದೀಪದ ಗೂಡಿನ ಹೊರಗಿನ ಕಟಕಟೆಗೆ ಮಾವ ಬಂದು ನಿಂತಿದ್ದರು, ಮುಳುಗುವ ಬಿಸಿಲು ಅವರ ಮುಖದ ಮೇಲಿತ್ತು, ತಮ್ಮ ಕ್ಯಾಮೆರಾಕ್ಕೆ ಮುಖ ಸಿಕ್ಕಿತ್ತು. ಅದು ದೀಪವನ್ನು ಕೈಬಿಟ್ಟು ಮುಖವನ್ನು ಹಿಡಿದು, ಅಂಗಿಯ ಗುಂಡಿಗಳನ್ನೂ ಎಣಿಸುವಂಥ ಸುಂದರ ಚಿತ್ರ ತೆಗೆಯಿತು. ಇನ್ನೊಂದಕ್ಕೆ ಗುಂಡಿ ಒತ್ತುವಾಗ ದೊಡ್ಡ ಅಲೆಯೊಂದು ಬಂದು, ಗುಂಡಿಯ ಸುತ್ತಲೇ ತಾವು ಇಟ್ಟಿರುವ ಜೂಮ್‌ನ ಸನ್ನೆಕೋಲು ನನ್ನ ಬೆರಳಿಗೆ ಸಿಕ್ಕಿ ಜಾರಿ, ಮೂಗು ಸರ್ರನೆ ಒಳಗೆ ಹೋಗಿ, ಏನೋ ಒಂದು ಕ್ಲಿಕ್ಕಾಯಿತು. ಹಿಂದೆಯೇ ಬ್ಯಾಟರಿಯೂ ಪ್ರಾಣ ಬಿಟ್ಟಿತು. ಬರುವಾಗ ಹೆಂಡತಿ ಲೆಕ್ಕದ ಮಾತೆತ್ತಲಿಲ್ಲ, ಅದಕ್ಕೆ ನಾನು ಅವಳಿಗೆ ಋಣಿ.

ಮಾರನೆಯ ಬೆಳಿಗ್ಗೆ ವಸತಿಗೃಹದ ಕೋಣೆಯಲ್ಲಿ ಬ್ಯಾಟರಿಗೆ ಜೀವ ತುಂಬಿಸಿ ಮಾವನವರ ಪಕ್ಕ ಕೂತು ತೋರಿಸಿದೆ. ಕಪ್ಪು, ಬಿಳಿ, ಕಪ್ಪು, ಬಿಳಿ. ಮುಖದ ಚಿತ್ರ ಬಂದಾಗ ಇದಾದರೂ ಇದೆಯಲ್ಲ ಎಂದು ನಾನು ಉಸಿರು ಬಿಟ್ಟರೆ, ಅವರು "ಇವನನ್ನ ದಿನಾ ಕನ್ನಡೀಲಿ ನೋಡ್ತೀನಲ್ಲಪ್ಪ" ಎಂದು ಮುಖ ತಿರುಗಿಸಿದರು. ನನಗೆ ಅಳುವೇ ಬಂತು ಎಂದು ತಮ್ಮಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮುಂದಿನ ಚಿತ್ರಕ್ಕೆ ಬಂದಾಗ ತಮ್ಮ ಕ್ಯಾಮೆರಾ ತಾನಾಗಿಯೇ, ಬಹಳ ಸೌಜನ್ಯದಿಂದ, "ಈ ಚಿತ್ರ ದೋಷಪೂರಿತವಾಗಿದೆ, ಅಳಿಸಬಹುದೇ?" ಎಂದು ಕೇಳಿತು. ದೋಷವೇ ಸರಿ: ಸೊಟ್ಟಗೆ ವಾಲಿದ ಸಮುದ್ರ, ಒಂದು ಬದಿಗೆ ದೋಣಿಯ ಹಗ್ಗ, ಇನ್ನೊಂದು ಬದಿಗೆ ನನ್ನ ಹೆಂಡತಿಯ ಮೊಣಕೈ. ನಾನು "ಹೌದು" ಎಂಬಲ್ಲಿಗೆ ಬೆರಳು ತಂದಿದ್ದೆ.

ಮಾವ ನನ್ನ ಮಣಿಕಟ್ಟು ಹಿಡಿದರು. "ತಡಿ, ತಡಿ. ಆ ಚುಕ್ಕಿ ಏನು?"

ಸೊಟ್ಟ ಸಮುದ್ರದ ತುದಿಯಲ್ಲಿ, ಕಪ್ಪಾಗುತ್ತಿದ್ದ ದಡದ ಮೇಲೆ, ಸಾಸಿವೆ ಕಾಳಿನಷ್ಟು ಬೆಳಕಿತ್ತು. ಅವರು ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ದೊಡ್ಡದು ಮಾಡಿ ತೋರಿಸಲು ನಾನು ಕೈ ಚಾಚಿದರೆ ನನ್ನ ಕೈಯನ್ನು ಅತ್ತ ಸರಿಸಿದರು. "ಇಷ್ಟೇ ಕಾಣ್ತಿತ್ತಾ ಅವರಿಗೆ?" ಎಂದು ಕೇಳಿ, ನಾನು ಏನಾದರೂ ಸಮಾಧಾನ ಹೇಳುವ ಮೊದಲೇ ತಾವೇ ಹೇಳಿದರು: "ಸಾಕು ಬಿಡು. ಕಾಣ್ತಿತ್ತಲ್ಲ."

ಆದ್ದರಿಂದ ಮಾನ್ಯರಲ್ಲಿ ನನ್ನ ಬಿನ್ನಹವೇನೆಂದರೆ, ಮುಂದಿನ ಕ್ಯಾಮೆರಾದಲ್ಲಿ ಹತ್ತಿರ ತರುವ ಸನ್ನೆಕೋಲಿನ ಜೊತೆಗೆ, ದೂರದ್ದನ್ನು ಅದಿರುವಷ್ಟೇ ದೂರದಲ್ಲಿ ಗೌರವದಿಂದ ಇರಗೊಡುವ ಇನ್ನೊಂದು ಸನ್ನೆಕೋಲನ್ನು ಇಡಬೇಕು. ಓಡುವ ನಾಯಿಯ ಪಕ್ಕದಲ್ಲಿ ದೀಪಕ್ಕೂ ಒಂದು ಗುಂಡಿ ಕೊಡಬೇಕು. ಗಿರಾಕಿಯು ಕ್ಯಾಮೆರಾ ಕೇಳಿದಾಗ, ಮನೆಯವರು ಬಯಸಿದ್ದನ್ನು ಅವನು ಸರಿಯಾಗಿ ಕೇಳಿಸಿಕೊಂಡು ಬಂದಿದ್ದಾನೆಯೇ ಎಂದು ಅವನ ಹೆಂಡತಿಯಲ್ಲಿ ವಿಚಾರಿಸಿ, ಆಮೇಲೆ ಮಾರಬೇಕು. ಮತ್ತು ಅಳಿಸಬಹುದೇ ಎಂದು ಕೇಳುವ ಆ ಸೌಜನ್ಯವನ್ನು ದಯವಿಟ್ಟು ನಿಲ್ಲಿಸಬೇಕು. ಇವಿಷ್ಟನ್ನೂ ನಡುವಿನ ಬೆಲೆಯಲ್ಲಿಯೇ ಒದಗಿಸಿದರೆ ತಮ್ಮ ಕುಲಕೋಟಿಯನ್ನು ಹರಸುವೆನು.

ತಮ್ಮ ಗುಣಗಾನದಲ್ಲಿ ದನಿ ಬಿದ್ದುಹೋಗಿರುವ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ಮರೆತಿದ್ದ ಮಾತು: ತಮ್ಮದೇ ಹೊಸ ಕ್ಯಾಮೆರಾ, ಅರವತ್ತು ಪಟ್ಟು ಜೂಮ್‌ನದು, ಇದೇ ಬೆಲೆಗೆ ಬಂದಿದೆಯಂತೆ. ಪಿಕ್ಸೆಲ್ ಮಾಮ ನಿನ್ನೆ ಓಡೋಡಿ ಬಂದು ಸುದ್ದಿ ಮುಟ್ಟಿಸಿ, "ಹೇಳಿದ್ನಲ್ಲ ಭಾವ, ಒಂದು ವಾರ ತಡೀಬೇಕಿತ್ತು" ಎಂದ. ಗೋಡೆಯ ಮೇಲಿನ ಸೊಟ್ಟ ಸಮುದ್ರದ ಪಟವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ ಮಾವ ಆಸೆಯಿಂದ ತಿರುಗಿ, "ಅದರಲ್ಲಿ ಇನ್ನೂ ದೂರದಿಂದ ಕಾಣುತ್ತಾ?" ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರವನ್ನು ತಾವೇ ದಯಮಾಡಿ ಅವರಿಗೆ ನೇರವಾಗಿ ಬರೆದು ತಿಳಿಸಬೇಕು.