ಬೀದಿಯ ಮೊದಲ ಗಿರಾಕಿ

ಪೇಟೆ ಬೀದಿಗೆ ಹೋಗಿ ಬರೀ ಸಾಮಾನು ತಂದವರನ್ನು ನಾನು ಹುಣಸೂರಿನಲ್ಲಿ ಇನ್ನೂ ಕಂಡಿಲ್ಲ. ಸೊಪ್ಪು, ತೆಂಗಿನಕಾಯಿ, ಊದುಬತ್ತಿಯ ಜೊತೆಗೆ ಚೀಲದ ತಳದಲ್ಲಿ ಒಂದು ಪ್ರಸಂಗವೂ ಬಂದಿರುತ್ತದೆ. ಅದನ್ನು ನಾವು ಕೇಳಿರುವುದಿಲ್ಲ, ತೂಗಿಸಿರುವುದಿಲ್ಲ. ಮನೆಗೆ ಬಂದು ಚೀಲ ಸುರಿದಾಗಲೇ ಗೊತ್ತಾಗುವುದು.

ನಾನು ಓದಿದ್ದು ಮೈಸೂರಿನ ಒಂದು ಕಾನ್ವೆಂಟಿನಲ್ಲಿ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಪಟ್ಟಿ ಬರೆಯದೆ ಅಂಗಡಿಗೆ ಹೋಗಬಾರದು, ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಬಾರದು, ಬೀದಿಯಲ್ಲಿ ನಿಂತು ತಿನ್ನಬಾರದು ಎಂಬುದೆಲ್ಲ ಅಲ್ಲಿ ಕಲಿತದ್ದು. ಮೂರನೆಯದನ್ನು ಮಾತ್ರ ಸ್ವಲ್ಪ ಕಷ್ಟಪಟ್ಟು ಕಲಿತೆ. ಏಳನೇ ಕ್ಲಾಸಿನಲ್ಲಿ, ಶಾಲೆಯ ಗೇಟಿನ ಬಳಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದಾಗ ನಮ್ಮ ಸಿಸ್ಟರ್ ಕೈಗೆ ಸಿಕ್ಕಿಬಿದ್ದೆ. ‘ನಾನು ಬೀದಿಯಲ್ಲಿ ನಿಂತು ತಿನ್ನುವುದಿಲ್ಲ’ ಎಂದು ದುಂಡಗೆ ನೂರು ಸಲ ಬರೆಸಿದರು. ಐವತ್ತು ವರ್ಷವಾಯಿತು, ತಿಂದಿಲ್ಲ. ಆ ಸಿಸ್ಟರ್ ಈಗಲೂ ಮೈಸೂರಿನಲ್ಲಿದ್ದಾರೆ, ಎಂಬತ್ತು ದಾಟಿದೆ. ಆಗಾಗ ಅವರಿಗೆ ಕಾಗದ ಬರೆಯುತ್ತೇನೆ.

ಗದ್ದಲ ನನಗಾಗದು. ಆದ್ದರಿಂದ ಪೇಟೆಗೆ ಬೆಳಿಗ್ಗೆ ಆರೂವರೆಗೇ ಹೋಗಿಬಿಡುತ್ತೇನೆ. ಆ ಹೊತ್ತಿನ ಬೀದಿಯೇ ಬೇರೆ. ಲಕ್ಷ್ಮಣತೀರ್ಥ ಹೊಳೆಯ ಕಡೆಯಿಂದ ಬಂದ ಮಂಜು ಎರಡೂ ಸಾಲಿನ ಅಂಗಡಿಗಳ ನಡುವೆ ಸುಮ್ಮನೆ ನಿಂತಿರುತ್ತದೆ. ಹೂವಿನವರು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಎತ್ತಿದ ಕೂಡಲೇ ಮಲ್ಲಿಗೆಯ ವಾಸನೆ ಏಳುತ್ತದೆ. ಹೊಗೆಸೊಪ್ಪು ತುಂಬಿದ ಟ್ರ್ಯಾಕ್ಟರೊಂದು ಜೇನಿನಂಥ ಘಮ ಬಿಟ್ಟು ಹೋಗುತ್ತದೆ. ಯಾವುದೋ ಅಂಗಡಿಯ ಶಟರು ಅರ್ಧ ಎದ್ದು, ಆಕಳಿಸಿ, ಮತ್ತೆ ಏಳುತ್ತದೆ. ನಡೆದರೆ ಅರ್ಧ ಕನಸಿನಲ್ಲಿ ನಡೆದ ಹಾಗೆ. ಮುಂದಿನ ಅನಾಹುತಗಳಿಗೆಲ್ಲ ಆ ಅರ್ಧ ಕನಸೇ ಕಾರಣವೆಂದು ನನ್ನ ವಾದ.

ದಂಟಿನ ಸೊಪ್ಪು

ಬೀದಿಯ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುವ ಅಜ್ಜಿಯೊಬ್ಬಳಿದ್ದಾಳೆ. ಒಂದು ದಿನ ಅವಳ ದಂಟಿನ ಸೊಪ್ಪಿನ ಕಟ್ಟು ಬಿಚ್ಚಿ, ಎಲೆ ಎಲೆ ತಿರುಗಿಸಿ ನೋಡಿ, ಎರಡು ಎಲೆಯಲ್ಲಿ ತೂತು ಕಂಡು, ಮೊದಲಿಗಿಂತ ಅಚ್ಚುಕಟ್ಟಾಗಿ ಕಟ್ಟಿ ಅಲ್ಲೇ ಇಟ್ಟು ಹೊರಟೆ.

“ಅವ್ವಾ, ಬೋಣಿ ಒತ್ನಲ್ಲಿ ಅಂಗೆ ಕೈ ಬುಟ್ಟು ಓಗ್ಬ್ಯಾಡಿ!” ಎಂದು ಕೂಗಿದಳು.

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಮೊದಲು ಬಂದವರು ಬರಿಗೈಯಲ್ಲಿ ಹೋದರೆ ದಿನವೆಲ್ಲ ಬರುವವರೂ ಹಾಗೇ ಹೋಗುತ್ತಾರೆ ಎಂದು ಬೀದಿಯ ನಂಬಿಕೆ. ನಾನು ಹಿಂದಿರುಗಿ ಬಂದು ವಿವರಿಸಿದೆ. “ನೋಡಜ್ಜಿ, ಸೊಪ್ಪು ಚೆನ್ನಾಗಿದ್ದರೆ ಜನ ಬರುತ್ತಾರೆ. ಮೊದಲು ಯಾರು ಬಂದರು ಅನ್ನುವುದಕ್ಕೂ ವ್ಯಾಪಾರಕ್ಕೂ ಸಂಬಂಧವಿಲ್ಲ. ಇದೆಲ್ಲ ಮೂಢನಂಬಿಕೆ.”

“ಆಗ್ಲಿ ಕಣವ್ವಾ, ಮೂಢನಂಬ್ಕೆನೇ. ಒಂದು ಕಟ್ಟು ತಕೊಂಡು ಯೋಳಿ.”

ತೆಗೆದುಕೊಂಡೆ. ಅವಳು ನನ್ನ ನೋಟನ್ನು ಕಣ್ಣಿಗೊತ್ತಿಕೊಂಡು ಸೊಪ್ಪಿನ ರಾಶಿಗೆಲ್ಲ ಸವರಿದಳು. ನಾನು ಹಾಲು ತೆಗೆದುಕೊಂಡು ವಾಪಸು ಬರುವಷ್ಟರಲ್ಲಿ ಗೋಣಿಚೀಲ ಬರಿದಾಗಿತ್ತು. ಯಾವುದೋ ಮದುವೆ ಮನೆಯ ಅಡಿಗೆಯವರು ಆಟೋ ನಿಲ್ಲಿಸಿ, ಇದ್ದಬದ್ದ ಸೊಪ್ಪನ್ನೆಲ್ಲ, ತೂತಿನದೂ ಸೇರಿ, ತುಂಬಿಕೊಂಡು ಹೋಗಿದ್ದರಂತೆ.

“ಏನ್ ಕೈಗುಣ ಕಣವ್ವಾ ನಿಮ್ದು!” ಎಂದು ಅಜ್ಜಿ ಇಡೀ ಬೀದಿಗೆ ಕೇಳುವಂತೆ ಕೂಗಿ, ನನ್ನ ಬಲಗೈ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬೆರಳು ಬೆರಳು ಬಿಡಿಸಿ ನೋಡಿದಳು. ನಾನು ಅವಳ ಸೊಪ್ಪು ನೋಡಿದ ಹಾಗೆಯೇ. ತೂತು ಸಿಗಲಿಲ್ಲವೆಂದು ಕಾಣುತ್ತದೆ, ಹಿಡಿದ ಕೈ ಬಿಡಲೇ ಇಲ್ಲ.

ಮೂಗುದಾರ

ಮರುದಿನದಿಂದ ಆ ಬೀದಿಯಲ್ಲಿ ನನ್ನ ನಡಿಗೆಯೇ ಕಷ್ಟವಾಯಿತು. ಕಡಲೆಪುರಿಯವರು ಕರೆಯುತ್ತಾರೆ, ಬಳೆಯವರು ಕರೆಯುತ್ತಾರೆ, ಮಡಕೆಯವರು ಬಂದು ದಾರಿಗೇ ನಿಲ್ಲುತ್ತಾರೆ. “ನನ್ನ ಕೈಯಲ್ಲಿ ಏನೂ ಇಲ್ಲ, ನೋಡಿ” ಎಂದು ಎರಡೂ ಅಂಗೈ ಎತ್ತಿ ತೋರಿಸಿದರೆ, ಪಾತ್ರೆ ಅಂಗಡಿಯವರು ಅದನ್ನು ಆಶೀರ್ವಾದವೆಂದು ತಿಳಿದು ತಲೆ ಬಗ್ಗಿಸಿಬಿಟ್ಟರು.

ಹಗ್ಗದ ಅಂಗಡಿಯ ಮುದುಕರು ಮಾತ್ರ ಕರೆಯಲಿಲ್ಲ. ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಹತ್ತಿರ ಹೋದಾಗ, “ಟ್ರ್ಯಾಕ್ಟರ್ ಬಂದ್ಮೇಲೆ ನಮ್ ಅಂಗ್ಡಿ ಕಡೆ ಯಾರೂ ತಲೆ ಆಕಲ್ಲ ಕಣ್ರವ್ವಾ” ಎಂದರು. ಒಳಗೆ ಕತ್ತದ ಹಗ್ಗದ ಒಣ ವಾಸನೆ. ಸೂರಿಗೆ ತೂಗುಹಾಕಿದ ಎತ್ತಿನ ಗೆಜ್ಜೆಸರಗಳು ಗಾಳಿಗೆ ಮೆಲ್ಲಗೆ ಉಲಿಯುತ್ತಿದ್ದವು. ಒಂದು ಕ್ಷಣ, ನನ್ನ ಹಿಂದೆ ಮಂಜಿನಲ್ಲಿ ಯಾರದೋ ಜೋಡೆತ್ತು ನಿಧಾನವಾಗಿ ನಡೆದು ಹೋದ ಹಾಗೆ ಅನಿಸಿತು. ತಿರುಗಿ ನೋಡಿದರೆ ಬೀದಿ ಖಾಲಿ. ಆ ಗುಂಗಿನಲ್ಲೇ, ಕೈಗೆ ಹತ್ತಿರವಿದ್ದದ್ದನ್ನು ತೋರಿಸಿ, “ಅದೊಂದು ಕೊಡಿ” ಎಂದೆ.

ಮನೆಯಲ್ಲಿ ನಮ್ಮ ಯಜಮಾನರು ಕಾಫಿ ಕುಡಿಯುತ್ತ ಚೀಲ ಬಿಚ್ಚಿದರು. ಕೊತ್ತಂಬರಿ ಸೊಪ್ಪಿನ ಕೆಳಗಿನಿಂದ ಒಂದು ಮೂಗುದಾರ ಹೊರಬಂತು. ಬೆಳಕಿಗೆ ಹಿಡಿದು ನೋಡಿದರು.

“ಹಸು ಏನಾದರೂ ತಂದಿದ್ದೀಯಾ?”

“ಇಲ್ಲ.”

“ಎತ್ತು?”

“ಇಲ್ಲ.”

ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ತಮ್ಮ ಮೂಗು ಮುಟ್ಟಿಕೊಂಡು, “ನಾನೇನು ತಪ್ಪು ಮಾಡಿದೆ?” ಎಂದರು.

ಪಾರ್ಸಲ್

ಅದೇ ದಿನಗಳಲ್ಲಿ ಬೀದಿಗೆ ಹೊಸದಾಗಿ ಒಂದು ತಟ್ಟೆ ಇಡ್ಲಿ ಗಾಡಿ ಬಂತು. ನಡೆಸುವವಳು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಯ ಹೆಂಗಸು. ಬೀಚನಹಳ್ಳಿಯ ಹತ್ತಿರ ಯಾವುದೋ ರೆಸಾರ್ಟಿನ ಅಡಿಗೆಮನೆಯಲ್ಲಿ ಆರು ವರ್ಷ ದುಡಿದವಳು. ಹದಿನೈದು ದಿನಕ್ಕೊಮ್ಮೆ ಮಾತ್ರ ಊರಿಗೆ ಹೋಗಿ, ಅಜ್ಜಿಯ ಜೊತೆಯಿದ್ದ ಮಗಳ ಮುಖ ನೋಡಿ ಬರುತ್ತಿದ್ದಳಂತೆ. ಈಗ ಹುಣಸೂರಿನಲ್ಲೇ ಒಂದು ಕೋಣೆ ಹಿಡಿದು, ಮಗಳನ್ನು ಕರೆತಂದು ನಾಲ್ಕನೇ ಕ್ಲಾಸಿಗೆ ಸೇರಿಸಿದ್ದಳು. “ಒಂದು ತಿಂಗ್ಳು ನೋಡ್ತೀನಿ ಅಂತ ಯೋಳಿ ಬಂದಿವ್ನಿ ಅವ್ವಾ. ಗಾಡಿ ನಡೀದಿದ್ರೆ ತಿರುಗ ರೆಸಾರ್ಟೇ, ಮಗು ತಿರುಗ ಊರಿಗೇ” ಎಂದಳು. ಆಮೇಲೆ ಇಡ್ಲಿಯ ಮುಚ್ಚಳ ತೆಗೆದಳು. ಆ ಆವಿಯಲ್ಲಿ ಅವಳ ಮುಖ ಒಂದು ಗಳಿಗೆ ಮಾಯವಾಗಿ ಮತ್ತೆ ಬಂತು.

“ನೀವೇ ಬೋಣಿ ಮಾಡ್ಬೇಕು. ಬಿಸಿಬಿಸಿ ಒಂದೇ ಒಂದು.”

“ಪಾರ್ಸಲ್ ಮಾಡಮ್ಮ” ಎಂದೆ.

“ಗಾಡಿ ಬೋಣಿ ಪಾರ್ಸಲ್ ಆಗ್ಬಾರ್ದು ಕಣವ್ವಾ. ಮೊದುಲ್ನೋರು ನಿಂತು ತಿಂದ್ರೆ, ಆಮೇಲಿಂದ ನಿಂತು ತಿನ್ನೋರೇ ಬತ್ತಾರೆ.”

“ನಾನು ಬೀದಿಯಲ್ಲಿ ನಿಂತು ತಿನ್ನುವುದಿಲ್ಲ” ಎಂದೆ. ನೂರಾ ಒಂದನೇ ಸಲ.

ಪಾರ್ಸಲ್ ತಂದು, ಮೇಜಿನ ಮೇಲೆ ತಟ್ಟೆಯಿಟ್ಟು, ಚಮಚದಲ್ಲಿ ತಿಂದೆವು. ಇಡ್ಲಿ ಹೂವಿನಂತಿತ್ತು. ಮರುದಿನ ಬೆಳಿಗ್ಗೆ ಸೊಪ್ಪಿನಜ್ಜಿ ನನ್ನ ದಾರಿಗೆ ಅಡ್ಡ ನಿಂತಳು.

“ಏನ್ ಮಾಡ್ಬುಟ್ರವ್ವಾ! ನೆನ್ನೆಯೆಲ್ಲ ಬರೀ ಪಾರ್ಸಲ್ಲೇ. ಒಂಬತ್ತು ಗಂಟ್ಗೆ ಎಲೆ, ಪೇಪರ್ರು ಖಾಲಿ. ನಿಂತು ತಿನ್ನಿ ಅಂದ್ರೆ ಒಬ್ರೂ ನಿಂತ್ಕೊಳ್ಳಿಲ್ಲ. ಉಳ್ದಿದ್ ಇಡ್ಲಿಯೆಲ್ಲ ಸುಮ್ಕೆ ಬೀದಿಯೋರ್ಗೆ ಅಂಚ್ಬುಟ್ಲು.”

“ಅದು ಕಾಕತಾಳೀಯ.”

“ನಿಮ್ ಕಾನ್ವೆಂಟ್ನ ಮನೇಲಿ ಬುಟ್ಟು ಬರಾಕಾಗಲ್ವಾ ಅವ್ವಾ?”

ಅದರ ಮರುದಿನವೂ ಗಾಡಿಯ ಮುಂದೆ ಯಾರೂ ನಿಲ್ಲಲಿಲ್ಲ, ಮೂರು ವಾರ ಕಳೆದರೂ ಇಲ್ಲ. ವಿಷಯ ಕೇಳಿದ ಯಜಮಾನರು ಉತ್ಸಾಹದಿಂದ, “ನಾಳೆ ನಾನು ಹೋಗಿ ನಿಂತು ತಿನ್ನಲೇ?” ಎಂದರು.

“ನಿಮ್ಮ ಕೈಗುಣ ಹೇಗಿದೆಯೋ ಯಾರಿಗೆ ಗೊತ್ತು?” ಎಂದು ಗದರಿದೆ. ಹೇಳಿದ ಮೇಲೆ ಬೆಚ್ಚಿಬಿದ್ದೆ. ನಾನೂ ನಂಬತೊಡಗಿದ್ದೆ.

ಬಿಳಿ ಏಪ್ರನ್

ನಂಬಿಕೆಯಿಂದ ಹೊರಬರಲು ನನಗೆ ಗೊತ್ತಿದ್ದ ದಾರಿ ಒಂದೇ, ಶುಚಿತ್ವ. ಇಡ್ಲಿಯವಳಿಗೆ ಬಿಳಿ ಬಟ್ಟೆಯಲ್ಲಿ ಏಪ್ರನ್ ಹೊಲಿದೆ, ಕೂದಲು ಮುಚ್ಚಲು ಬಿಳಿ ಟೋಪಿ ಹೊಲಿದೆ. ಗಾಡಿಯ ಪಕ್ಕ ಬಕೆಟ್ಟು, ಸೋಪು, ಬಿಳಿ ಟವಲು ಇಡಿಸಿದೆ. ಒಂದು ಬಿಳಿ ಹಲಗೆಯ ಮೇಲೆ ನೀಲಿ ಬಣ್ಣದಲ್ಲಿ, ನನ್ನ ದುಂಡು ಅಕ್ಷರದಲ್ಲಿ ಬರೆದು ತೂಗುಹಾಕಿದೆ: ‘ಸಾಲಿನಲ್ಲಿ ನಿಲ್ಲಿ. ಕೈ ತೊಳೆದುಕೊಳ್ಳಿ. ಸದ್ದು ಮಾಡಬೇಡಿ.’

“ಸರಿಯಾಗಿ ಅದಾ ಅವ್ವಾ?” ಎಂದು ಟೋಪಿ ಮುಟ್ಟಿಕೊಂಡು ಕೇಳಿದಳು.

“ಅಚ್ಚುಕಟ್ಟಾಗಿದೆ” ಎಂದೆ. ಆ ಸಂಜೆಯೇ ಸಿಸ್ಟರಿಗೆ ಕಾಗದ ಬರೆದೆ. ನಮ್ಮ ಪೇಟೆ ಬೀದಿಯನ್ನು ವರ್ಣಿಸಿ, ಇಡ್ಲಿ ಗಾಡಿಯ ವಿಷಯ ತಿಳಿಸಿ, ‘ನೀವು ಕಲಿಸಿದ ಶಿಸ್ತನ್ನು ಇಲ್ಲಿ ಜಾರಿಗೆ ತರುತ್ತಿದ್ದೇನೆ. ನಾನಂತೂ ಇಂದಿಗೂ ಬೀದಿಯಲ್ಲಿ ಏನನ್ನೂ ತಿಂದಿಲ್ಲ’ ಎಂದು ಮುಗಿಸಿದೆ. ಮೂಗುದಾರದ ಸಂಗತಿ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡಿದೆ. ಮಂಜಿನ ಬಿಳುಪು, ಆವಿಯ ಬಿಳುಪು, ಅವುಗಳ ಮಧ್ಯೆ ಅವಳ ಬಿಳುಪು. ಬಹಳ ಚೆನ್ನಾಗಿತ್ತು. ಆದರೆ ಬಂದವರೆಲ್ಲ ಹಲಗೆ ಓದಿ, ದನಿ ತಗ್ಗಿಸಿ, ಚಪ್ಪಲಿಯ ಸದ್ದಾಗದಂತೆ ದಾಟಿ ಹೋಗುತ್ತಿದ್ದರು.

ಕೊನೆಗೆ ಪಿರಿಯಾಪಟ್ಟಣದ ಬಸ್ಸಿಳಿದ ರೈತರೊಬ್ಬರು ನಿಂತರು. ಸಾಲೇ ಇಲ್ಲದಿದ್ದರೂ ಸಾಲಿನಲ್ಲಿ ನಿಂತ ಹಾಗೆ ನೆಟ್ಟಗೆ ನಿಂತರು. ಕೈ ತೊಳೆದರು, ಟವಲಿನಲ್ಲಿ ಒರೆಸಿಕೊಂಡರು. ನನ್ನ ಎದೆ ಉಬ್ಬಿತು. ಅವರು ಗಾಡಿಯ ಮುಂದೆ ಬಂದು, ಅಂಗಿಯ ತೋಳು ಮೇಲಕ್ಕೆ ಮಡಿಸಿ, ಮುಖ ಆ ಕಡೆ ತಿರುಗಿಸಿ ಹೇಳಿದರು:

“ಎಡಗೈಗೇ ಸೂಜಿ ಆಕವ್ವಾ. ಬಲಗೈಲಿ ಕೆಲ್ಸ ಅದೆ.”

ನೂರು ಸಲ

ಆ ಶುಕ್ರವಾರ ಇಡ್ಲಿಯವಳು ಏಪ್ರನ್ನು, ಟೋಪಿ ಎರಡನ್ನೂ ಒಗೆದು ಮಡಿಸಿ ನನ್ನ ಕೈಗೆ ಕೊಟ್ಟಳು.

“ತಿಂಗ್ಳು ಮುಗೀತು ಕಣವ್ವಾ. ಸೋಮ್ವಾರ ರೆಸಾರ್ಟಿಂದ ಜೀಪ್ ಬತ್ತದೆ. ಮಗೀನ ಊರಿಗೆ ಬುಟ್ಟು ಬಂದು ಜೀಪ್ ಅತ್ಬೇಕು. ನಿಮ್ಗೆ ಬಾಳ ತೊಂದ್ರೆ ಕೊಟ್ಟೆ.”

ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯಲಿಲ್ಲ. ಮಡಿಸಿದ ಏಪ್ರನ್ನಿನ ಅಂಚು ಒಂದು ನೂಲೂ ಆಚೀಚೆ ಇರಲಿಲ್ಲ. ನಾನು ಹೇಳಿಕೊಟ್ಟ ಹಾಗೆಯೇ ಮಡಿಸಿದ್ದಳು.

ಶನಿವಾರ ಆರು ಗಂಟೆಗೇ ಮನೆ ಬಿಟ್ಟೆ. ಕೈಯಲ್ಲಿ ಪಟ್ಟಿಯಿರಲಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೀದಿ ಇನ್ನೂ ಹುಟ್ಟೇ ಇಲ್ಲವೇನೋ ಎನ್ನುವ ಹಾಗಿತ್ತು. ಗಾಡಿಯ ಒಲೆಯ ನೀಲಿ ಉರಿಯೊಂದೇ ಕಾಣುತ್ತಿತ್ತು. ಅದನ್ನೇ ನೋಡುತ್ತ ಹೋದೆ.

“ಒಂದು ತಟ್ಟೆ ಇಡ್ಲಿ.”

“ಪಾರ್ಸಲ್ಲಾ ಅವ್ವಾ?”

“ಅಲ್ಲ.”

ಹಗ್ಗದ ಅಂಗಡಿಯ ಮುದುಕರು ಹೊರಗೆ ಬಂದರು. ಸೊಪ್ಪಿನಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡಳು. ಚಮಚವಿರಲಿಲ್ಲ. ಕೈಯಲ್ಲೇ ಮುರಿದು ಬಾಯಿಗಿಟ್ಟೆ. ಕಾಯಿಚಟ್ನಿ ಮಣಿಕಟ್ಟಿನವರೆಗೆ ಇಳಿಯಿತು, ಗಂಜಿ ಹಾಕಿದ ಸೀರೆಯ ಮೇಲೂ ಒಂದು ಹನಿ ಬಿತ್ತು. ಮೊದಲ ತುತ್ತಿಗೇ, ಐವತ್ತು ವರ್ಷದ ಹಿಂದಿನ ಆ ಮಾವಿನಕಾಯಿಯ ರುಚಿ ಯಾಕೋ ನಾಲಗೆಯ ಬುಡಕ್ಕೆ ಬಂದು ನಿಂತಿತು. ಎರಡನೆಯ ತುತ್ತಿಗೆ ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟಾಗ ಎದುರಿಗೆ ಒಂದು ವ್ಯಾನು ನಿಂತಿತ್ತು. ಮಂಜಿನೊಳಗಿಂದ ಒಂದು ಊರುಗೋಲು ಬಂತು, ಅದರ ಹಿಂದೆ ಒಂದು ಬಿಳಿ ನಿಲುವಂಗಿ. ಕನಸು ಎಂದುಕೊಂಡೆ. ಹೋಗಲಿ ಎಂದು ಕಾದೆ. ಹೋಗಲಿಲ್ಲ.

“ನಿನ್ನ ಕಾಗದ ಬಂತು” ಎಂದರು ಸಿಸ್ಟರ್. “ಹ್ಯಾಂಡ್‌ಪೋಸ್ಟ್ ಊರಿನ ಕಡೆ ಕೆಲಸವಿತ್ತು. ನೀನು ಶಿಸ್ತು ತಂದ ಬೀದಿಯನ್ನು ನೋಡಿಕೊಂಡು ಹೋಗೋಣ ಎಂದು ಹುಣಸೂರಿನ ಮೇಲೆ ಬಂದೆವು.”

ನನ್ನ ಬಾಯಿ ತುಂಬ ಇಡ್ಲಿ. ಬಾಯಿ ತುಂಬಿರುವಾಗ ಮಾತಾಡಬಾರದೆಂದು ಕಲಿಸಿದವರೂ ಅವರೇ.

ಸಿಸ್ಟರ್ ನನ್ನ ಕೈ ನೋಡಿದರು, ಮಣಿಕಟ್ಟಿನ ಚಟ್ನಿ ನೋಡಿದರು, ಸೀರೆಯ ಹನಿ ನೋಡಿದರು. ಕನ್ನಡಕ ಸರಿಮಾಡಿಕೊಂಡು, ಗಾಡಿಗೆ ತೂಗುಹಾಕಿದ್ದ ಹಲಗೆಯ ಹತ್ತಿರ ಹೋಗಿ ಮೂರೂ ಸಾಲು ಓದಿದರು.

“ಅಕ್ಷರ ಚೆನ್ನಾಗಿದೆ” ಎಂದರು. “ನೂರು ಸಲ ಬರೆಸಿದ್ದು ಪೂರ್ತಿ ವ್ಯರ್ಥವಾಗಲಿಲ್ಲ.”

ಆಮೇಲೆ ಬಂದು ನನ್ನ ಹಿಂದೆ, ಸಾಲಿನಲ್ಲಿ ನಿಂತರು.

ವ್ಯಾನಿನಿಂದ ಇನ್ನೂ ನಾಲ್ವರು ಸಿಸ್ಟರುಗಳು ಇಳಿದರು. ಕೈ ತೊಳೆದರು, ಸದ್ದು ಮಾಡಲಿಲ್ಲ. ಐದು ಬಿಳಿ ನಿಲುವಂಗಿಗಳು ಮಂಜಿನಲ್ಲಿ ಸಾಲಾಗಿ ನಿಂತು, ಮಾತಿಲ್ಲದೆ ತಟ್ಟೆ ಇಡ್ಲಿ ತಿನ್ನುವುದನ್ನು ನೋಡಿಯೂ ಮುಂದೆ ಹೋಗುವವರು ಹುಣಸೂರಿನಲ್ಲಿ ಯಾರಿದ್ದಾರೆ? ಆಟೋದವರು ನಿಂತರು, ಹಾಲಿನವರು ನಿಂತರು, ಬಸ್ಸಿಗೆ ಓಡುತ್ತಿದ್ದವರು ಬಸ್ಸು ಬಿಟ್ಟು ನಿಂತರು. ಎಂಟು ಗಂಟೆಗೆ ಪಾತ್ರೆ ಖಾಲಿ. ಒಂದೂ ಪಾರ್ಸಲ್ ಇಲ್ಲ. ಭಾನುವಾರ ಇಡ್ಲಿಯವಳು ಎರಡರಷ್ಟು ಹಿಟ್ಟು ರುಬ್ಬಿದ್ದಳು, ಅದೂ ಉಳಿಯಲಿಲ್ಲ. ಕೈ ಒರೆಸಿಕೊಂಡು ಫೋನ್ ಮಾಡಿದಳು. “ಜೀಪ್ ಕಳಿಸ್ಬ್ಯಾಡಿ ಸಾರ್. ಇಲ್ಲಿ ಜನ ನಿಂತವ್ರೆ.”

ಸೋಮವಾರ ನಾನು ಬೇಕೆಂದೇ ನಿಧಾನವಾಗಿ ಹೋದೆ. ಎರಡೂ ಕೈ ಎಲ್ಲರಿಗೂ ಕಾಣುವಂತೆ ಬೀಸಿಕೊಂಡು ನಡೆದೆನೆಂದು ಒಪ್ಪಿಕೊಳ್ಳುತ್ತೇನೆ. ಸೊಪ್ಪಿನಜ್ಜಿ, ಹಗ್ಗದವರು, ಮಡಕೆಯವರು, ಪಾತ್ರೆಯವರು ಎಲ್ಲರೂ ರಸ್ತೆಗೇ ಬಂದು ನಿಂತಿದ್ದರು. ನನ್ನ ಮನಸ್ಸು ತುಂಬಿ ಬಂತು.

“ಬೋಣಿಗೆ ಕಾಯುತ್ತಿದ್ದೀರಾ?” ಎಂದೆ, ಸ್ವಲ್ಪ ನಾಚಿಕೊಂಡೇ ಬಲಗೈ ಮುಂದೆ ಮಾಡಿ.

“ಊಂ ಕಣವ್ವಾ” ಎಂದ ಅಜ್ಜಿ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೈಸೂರು ರಸ್ತೆಯ ಕಡೆ ಕತ್ತು ಉದ್ದ ಮಾಡಿದಳು. “ಆ ಸಿಸ್ಟರಮ್ಮ ಎಷ್ಟೊತ್ಗೆ ಬತ್ತಾರೆ?”